‘ತಕ್ಕದ್ದು’ ಮತ್ತು ‘ಬಹುದು’ಗಳ ನಡುವೆ ಜಿಲ್ಲಾ ಪಂಚಾಯಿತಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತಾಲ್ಲೂಕು ಪಂಚಾಯಿತಿಗೂ ಜಿಲ್ಲಾ ಪಂಚಾಯಿತಿಗೂ ನಾವು ಕೊನೆಯ ಬಾರಿ ಮತ ಹಾಕಿದ್ದು 2016ರ ಫೆಬ್ರುವರಿಯಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. 2025 ಕಳೆದರೂ ಆಡಳಿತಾಧಿಕಾರಿಗಳದೇ ಕಾರುಬಾರು. ಐದು ವರ್ಷಕ್ಕೊಮ್ಮೆ ಚುನಾವಣೆ ಎಂದು ಸಂವಿಧಾನವೇ ಹೇಳಿರುವಾಗ ಇದು ಹೇಗೆ ಸಾಧ್ಯ? ತಪ್ಪು ಕಾನೂನಿನದೋ, ಸರ್ಕಾರದ್ದೋ?
— ಓದುಗರೊಬ್ಬರು, ತಿಪಟೂರು

ಉತ್ತರ: ಸಂವಿಧಾನದ 243-ಇ ವಿಧಿಯ ಪ್ರಕಾರ ಪಂಚಾಯಿತಿಯ ಅವಧಿ ಅದರ ಮೊದಲ ಸಭೆಯ ದಿನದಿಂದ ಐದು ವರ್ಷ, ಮತ್ತು ಆ ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ಪೂರ್ಣಗೊಳ್ಳತಕ್ಕದ್ದು. ಕನ್ನಡದಲ್ಲಿ ಶಾಸನಗಳನ್ನು ಓದಿ ಅಭ್ಯಾಸವಿರುವವರಿಗೆ ಈ ‘ತಕ್ಕದ್ದು’ ಎಂಬುದರ ತೂಕ ಗೊತ್ತಿರುತ್ತದೆ; ಅಲ್ಲಿ ಸರ್ಕಾರದ ಇಷ್ಟಾನಿಷ್ಟಕ್ಕೆ ಜಾಗವಿಲ್ಲ. ಆದ್ದರಿಂದ ಅವಧಿಯ ವಿಚಾರದಲ್ಲಿ ಕಾನೂನು ಅಸ್ಪಷ್ಟವಾಗಿಲ್ಲ. ತೊಡಕು ಇರುವುದು ಚುನಾವಣೆಗೆ ಮುಂಚೆ ಮುಗಿಯಬೇಕಾದ ಎರಡು ಕೆಲಸಗಳಲ್ಲಿ: ಕ್ಷೇತ್ರಗಳ ಗಡಿಯನ್ನು ಗುರುತಿಸುವುದು, ಯಾವ ಕ್ಷೇತ್ರ ಯಾವ ವರ್ಗಕ್ಕೆ ಮೀಸಲು ಎಂದು ನಿಗದಿ ಮಾಡುವುದು. ಮತದಾರರ ಪಟ್ಟಿಯ ತಯಾರಿ ಮತ್ತು ಚುನಾವಣೆಯ ನಿರ್ವಹಣೆಯನ್ನು 243-ಕೆ ವಿಧಿ ರಾಜ್ಯ ಚುನಾವಣಾ ಆಯೋಗಕ್ಕೆ ವಹಿಸಿದೆ. ಗಡಿ ಮತ್ತು ಮೀಸಲಾತಿಯ ಕೆಲಸ ಮಾತ್ರ ರಾಜ್ಯದ ಶಾಸನ ಹೇಳಿದಂತೆ ನಡೆಯುತ್ತದೆ, ಆ ಶಾಸನವನ್ನು ತಿದ್ದುವ ಅಧಿಕಾರ ಇರುವುದು ವಿಧಾನಮಂಡಲಕ್ಕೆ.

2021ರಲ್ಲಿ ನಡೆದದ್ದನ್ನು ನೋಡಿ. ರಾಜ್ಯ ಚುನಾವಣಾ ಆಯೋಗವು ಕ್ಷೇತ್ರ ವಿಂಗಡಣೆ ಮುಗಿಸಿ ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಅದೇ ವರ್ಷ ಆಗಿನ ಬಿಜೆಪಿ ಸರ್ಕಾರವು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮಕ್ಕೆ ತಿದ್ದುಪಡಿ ತಂದು, ಈ ಕೆಲಸವನ್ನು ಆಯೋಗದ ಕೈಯಿಂದ ತೆಗೆದು, ತಾನೇ ನೇಮಿಸುವ ಪ್ರತ್ಯೇಕ ಕ್ಷೇತ್ರ ಪುನರ್‌ವಿಂಗಡಣಾ ಆಯೋಗಕ್ಕೆ ಒಪ್ಪಿಸಿತು. ಮುಗಿದ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು. ಇದರ ಜೊತೆಗೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆಯೂ ಸೇರಿಕೊಂಡಿತು: ಪ್ರತ್ಯೇಕ ಆಯೋಗವೊಂದು ಅಂಕಿಅಂಶಗಳ ಸಹಿತ ಅಧ್ಯಯನ ನಡೆಸಬೇಕು, ಮೀಸಲಾತಿಯ ಪ್ರಮಾಣವನ್ನು ಆಯಾ ಸ್ಥಳೀಯ ಸಂಸ್ಥೆಗೆ ತಕ್ಕಂತೆ ಗೊತ್ತುಪಡಿಸಬೇಕು, ಒಟ್ಟು ಮೀಸಲಾತಿ ಶೇ 50ನ್ನು ಮೀರಬಾರದು ಎಂಬ ಮೂರು ಷರತ್ತುಗಳನ್ನು ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ವಿಧಿಸಿತು. ಕರ್ನಾಟಕವು 2022ರಲ್ಲಿ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಅವರ ಆಯೋಗವನ್ನು ರಚಿಸಿತು, ವರದಿಯೂ ಅದೇ ವರ್ಷ ಬಂತು.

ಇವು ಚುನಾವಣೆಯನ್ನು ಮುಂದೂಡಲು ಕಾರಣವಾಗಬಹುದೇ? ಆಗಬಾರದು ಎಂದು ಸುಪ್ರೀಂ ಕೋರ್ಟ್ ಎರಡು ಬಾರಿ ಹೇಳಿದೆ. ಅಹಮದಾಬಾದ್ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲಿ, ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸುವುದು ಕಡ್ಡಾಯವೆಂದು ಸಂವಿಧಾನ ಪೀಠ ತೀರ್ಪಿತ್ತಿತು. ಮಧ್ಯಪ್ರದೇಶದ ಪ್ರಕರಣದಲ್ಲಿ 2022ರ ಮೇ ತಿಂಗಳಲ್ಲಿ, ವಿಂಗಡಣೆಯಾಗಲಿ ಮೂರು ಷರತ್ತುಗಳ ಪಾಲನೆಯಾಗಲಿ ಬಾಕಿಯಿದೆಯೆಂದು ಚುನಾವಣೆಯನ್ನು ತಡೆಹಿಡಿಯಬಾರದೆಂದು ಹೇಳಿತು. ವಿಳಂಬಕ್ಕಾಗಿ ನಮ್ಮ ಹೈಕೋರ್ಟ್ 2022ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರಕ್ಕೆ ₹5 ಲಕ್ಷ ದಂಡವನ್ನೂ ಹಾಕಿತು. ನ್ಯಾಯಾಲಯ ಗಡುವು ಕೊಡುತ್ತದೆ, ಸರ್ಕಾರ ಕಾಲಾವಕಾಶ ಕೇಳುತ್ತದೆ, ಮುಂದಿನ ವಿಚಾರಣೆಗೆ ಹೊಸದೊಂದು ಅಧಿಸೂಚನೆ ಸಿದ್ಧವಾಗಿರುತ್ತದೆ; ಈ ಮೂರು ಹೆಜ್ಜೆಯ ನಡಿಗೆಯಲ್ಲಿ ವರ್ಷಗಳು ಕಳೆದಿವೆ. ನೀವು ಕೇಳಿದ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ತಪ್ಪು ಸರ್ಕಾರದ್ದು, ಮತ್ತು ಅದು ಒಂದೇ ಸರ್ಕಾರದ್ದಲ್ಲ.

ಪ್ರಶ್ನೆ: 2023ರಲ್ಲಿ ಸರ್ಕಾರ ಬದಲಾಯಿತು, ಪರಿಸ್ಥಿತಿ ಬದಲಾಗಲಿಲ್ಲ. ಯಾವ ಪಕ್ಷಕ್ಕೂ ಈ ಚುನಾವಣೆ ಬೇಡವೇಕೆ? ನಜೀರ್ ಸಾಬರ ಕಾಲದಲ್ಲಿ ಜಿಲ್ಲಾ ಪರಿಷತ್ತಿಗೆ ಇದ್ದ ಗತ್ತು ಎಲ್ಲಿ ಹೋಯಿತು?
— ನಿವೃತ್ತ ಶಿಕ್ಷಕರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಲ್ಲೇ ಮೊದಲನೆಯದಕ್ಕೆ ಉತ್ತರವಿದೆ. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಪಂಚಾಯತ್ ರಾಜ್ ಖಾತೆಯನ್ನು ಹೊಂದಿದ್ದ ಅಬ್ದುಲ್ ನಜೀರ್ ಸಾಬ್ ಅವರು, ಊರೂರಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು, 1983ರಲ್ಲಿ ರೂಪಿಸಿದ ಕಾಯ್ದೆಯು ಮೊದಲಿನ ತಾಲ್ಲೂಕು ಬೋರ್ಡುಗಳನ್ನು ತೆಗೆದು ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿ ಎಂಬ ಎರಡು ಹಂತಗಳಿಗೆ ಅಧಿಕಾರವನ್ನು ಹಂಚಿತು. ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಾಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು, ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿಯು ಸೇವಾ ಹಿರಿತನದಲ್ಲಿ ಜಿಲ್ಲಾಧಿಕಾರಿಗಿಂತ ಮೇಲಿನವರಾಗಿರುತ್ತಿದ್ದರು. ಅಧಿಕಾರಿಯ ಹಿರಿತನದಂಥ ಸಣ್ಣ ಸಂಗತಿ ಎಂದು ಇದನ್ನು ತಳ್ಳಿಹಾಕಬಾರದು. ಜಿಲ್ಲಾ ಕಚೇರಿಗಳಲ್ಲಿ ಕಡತ ಯಾರ ಮೇಜಿಗೆ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದೇ ಅದು.

ಈ ವ್ಯವಸ್ಥೆಯಿಂದ ಯಾರ ಅಧಿಕಾರ ಕಡಿಮೆಯಾಯಿತು? ಶಾಸಕರದು. ಶಾಲಾ ಕೊಠಡಿ ಯಾವ ಊರಿಗೆ, ರಸ್ತೆ ಎಲ್ಲಿಗೆ, ಶಿಕ್ಷಕರ ವರ್ಗಾವಣೆ ಎಲ್ಲಿಂದ ಎಲ್ಲಿಗೆ ಎಂಬ ಮಾತುಗಳು ಪರಿಷತ್ತಿನ ಸಭೆಗೆ ಬಂದವು. ಮತ್ತೆ ಟಿಕೆಟ್ ಬೇಕಾದ ಶಾಸಕರಿಗೆ, ತಮ್ಮದೇ ಕ್ಷೇತ್ರದ ಹಳ್ಳಿಗಳಲ್ಲಿ ಹೆಸರು ಮಾಡುತ್ತಿರುವ ಪರಿಷತ್ ಸದಸ್ಯ ಮುಂದಿನ ಚುನಾವಣೆಯ ಎದುರಾಳಿಯಂತೆ ಕಂಡರೆ ಆಶ್ಚರ್ಯವಿಲ್ಲ; ಆ ಸದಸ್ಯ ಸ್ವಪಕ್ಷದವನಾಗಿದ್ದರೆ ಇರಿಸುಮುರಿಸು ಇನ್ನೂ ಹೆಚ್ಚು. 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಆಗಿನ ಕಾಂಗ್ರೆಸ್ ಸರ್ಕಾರ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ನೇಮಿಸಿತು. ಅಂದರೆ ನಿಮ್ಮ ಕಾಲದ ಕಾಂಗ್ರೆಸ್ ಸರ್ಕಾರ 1992ರಲ್ಲಿ, ಬಿಜೆಪಿ ಸರ್ಕಾರ 2021ರಲ್ಲಿ, ಮತ್ತೆ ಕಾಂಗ್ರೆಸ್ ಸರ್ಕಾರ 2023ರ ನಂತರ, ಒಂದೇ ದಾರಿಯಲ್ಲಿ ನಡೆದಿವೆ.

ಪಂಚಾಯಿತಿಗಳಿಗೆ ಸಂವಿಧಾನದ ಆಸರೆ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಮೇಲೆ ರಾಜ್ಯದ ಹೊಸ ಕಾಯ್ದೆ ಬಂತು. ಸುಮಾರು 2,500 ಮಂಡಲಗಳ ಜಾಗದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಾದವು, ನಡುವೆ ತಾಲ್ಲೂಕು ಪಂಚಾಯಿತಿ ಮತ್ತೆ ಬಂತು, ಶಾಸಕರೂ ಸಂಸದರೂ ಜಿಲ್ಲಾ ಪಂಚಾಯಿತಿಯ ಸದಸ್ಯರಾದರು. ಸಂವಿಧಾನದ ತಿದ್ದುಪಡಿಯು ಪಂಚಾಯಿತಿಗಳ ಅಸ್ತಿತ್ವಕ್ಕೆ ‘ತಕ್ಕದ್ದು’ ಎಂಬ ರಕ್ಷಣೆ ಕೊಟ್ಟಿತು, ಆದರೆ ಅಧಿಕಾರದ ವಿಷಯಕ್ಕೆ ಬಂದಾಗ 243-ಜಿ ವಿಧಿಯಲ್ಲಿ ಮಾತು ಬದಲಾಯಿತು: ಹನ್ನೊಂದನೇ ಅನುಸೂಚಿಯ 29 ವಿಷಯಗಳನ್ನು ರಾಜ್ಯದ ವಿಧಾನಮಂಡಲ ಪಂಚಾಯಿತಿಗಳಿಗೆ ವಹಿಸಬಹುದು. ವಹಿಸದಿದ್ದರೂ ಸಂವಿಧಾನ ಮುರಿದಂತಾಗುವುದಿಲ್ಲ. ಸಂವಿಧಾನದ ಆಸರೆಯೇ ಇಲ್ಲದಿದ್ದ 1983ರ ಕಾಯ್ದೆಯು ಆಸರೆಯಿರುವ 1993ರ ಕಾಯ್ದೆಗಿಂತ ಹೆಚ್ಚು ಅಧಿಕಾರವನ್ನು ಕೆಳಗಿಳಿಸಿತ್ತು ಎಂಬುದು ನನ್ನ ಅಭಿಪ್ರಾಯ. ರಾಜಕೀಯ ಇಚ್ಛೆಯಿದ್ದಾಗ ‘ಬಹುದು’ ಸಾಕಾಗುತ್ತದೆ. ಅದಿಲ್ಲದಾಗ ‘ತಕ್ಕದ್ದು’ ಕೂಡ ಸಾಲದಾಗಿದೆ.

ಪ್ರಶ್ನೆ: ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಆದರೂ ಫಲಿತಾಂಶದ ದಿನ ಎಲ್ಲ ಪಕ್ಷಗಳೂ ಗೆದ್ದೆವೆನ್ನುತ್ತವೆ. ಇದು ಕಾನೂನುಬದ್ಧವೇ?
— ಓದುಗರೊಬ್ಬರು, ಸಿಂಧನೂರು

ಉತ್ತರ: ಚಿಹ್ನೆ ಇರುವುದು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಚುನಾವಣೆಗಳಲ್ಲಿ ಮಾತ್ರ. ಗ್ರಾಮ ಪಂಚಾಯಿತಿಗೆ ಸ್ಪರ್ಧಿಸುವವರು ಆಯೋಗದ ಪಟ್ಟಿಯಲ್ಲಿರುವ ಪಕ್ಷೇತರ ಚಿಹ್ನೆಗಳಲ್ಲೊಂದನ್ನು ಪಡೆಯುತ್ತಾರೆ, ಪಕ್ಷದ ಬೆಂಬಲವಿದ್ದರೂ ಅದು ಮತಪತ್ರದ ಮೇಲೆ ಕಾಣುವುದಿಲ್ಲ. ಗೆದ್ದವರ ಲೆಕ್ಕವನ್ನು ಪಕ್ಷಗಳು ತಮ್ಮ ತಮ್ಮ ಖಾತೆಗೆ ಬರೆದುಕೊಳ್ಳುವುದನ್ನು ಯಾರೂ ಪರಿಶೀಲಿಸಲಾರರು, ಆದ್ದರಿಂದಲೇ ಒಂದೇ ಸದಸ್ಯ ಎರಡು ಪಕ್ಷಗಳ ಪಟ್ಟಿಯಲ್ಲೂ ಇರಬಲ್ಲ.

ಪ್ರಶ್ನೆ: ಅಧಿಕಾರಿಗಳಿದ್ದರೆ ಕೆಲಸ ಬೇಗ ಆಗುತ್ತದೆ, ಸಭೆಯ ಗಲಾಟೆ ಇರುವುದಿಲ್ಲ. ಸದಸ್ಯರಿಲ್ಲದೆ ಜನರಿಗೆ ಆದ ನಷ್ಟವಾದರೂ ಏನು?
— ಗೃಹಿಣಿ, ಚಿತ್ರದುರ್ಗ

ಉತ್ತರ: ಮೊದಲನೆಯದು ಹಣ. 2021–26ರ ಅವಧಿಗೆ ಕೇಂದ್ರದ ಹದಿನೈದನೇ ಹಣಕಾಸು ಆಯೋಗದ ಅನುದಾನ ಸಿಗುತ್ತಿದ್ದುದು ಚುನಾಯಿತ ಸಂಸ್ಥೆಗಳಿಗೆ ಮಾತ್ರ. ಚುನಾವಣೆ ನಡೆಯದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳು ಆ ಷರತ್ತಿನಲ್ಲೇ ಸಿಕ್ಕಿಬಿದ್ದವು. ಎರಡನೆಯದನ್ನು ಹೆಚ್ಚು ಜನ ಗಮನಿಸಿಲ್ಲ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. 2021ರ ಡಿಸೆಂಬರ್‌ನಲ್ಲಿ ಆ ಚುನಾವಣೆ ನಡೆದಾಗ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರೆಂಬ ಮತದಾರರೇ ಇರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಸಿದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರೂ ಇರಲಿಲ್ಲ. ಕೆಳಗಿನ ಹಂತ ಖಾಲಿಯಾದರೆ ಮೇಲಿನ ಸದನದ ರಚನೆಗೂ ಅದು ತಟ್ಟುತ್ತದೆ.

ಮೂರನೆಯದು ಯೋಜನೆ. 243-ಜಡ್‌ಡಿ ವಿಧಿಯ ಪ್ರಕಾರ ಜಿಲ್ಲಾ ಯೋಜನಾ ಸಮಿತಿಯ ಐದರಲ್ಲಿ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರಿಂದ, ಅವರೊಳಗಿಂದಲೇ ಬರಬೇಕು. ಚುನಾಯಿತರಿಲ್ಲದೆ ಆ ಸಮಿತಿ ಕಾಗದದ ಮೇಲಷ್ಟೇ. ಆ ಖಾಲಿ ಜಾಗದಲ್ಲಿ ಈಗ ಇರುವುದು ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪ್ರಗತಿ ಪರಿಶೀಲನಾ ಸಭೆ: ಜಿಲ್ಲೆಯಲ್ಲಿ ಉಸ್ತುವಾರಿ ಸಚಿವರದು, ತಾಲ್ಲೂಕಿನಲ್ಲಿ ಶಾಸಕರದು. ಸಭೆಯಲ್ಲಿ ಗಲಾಟೆ ಇಲ್ಲ ಎಂದಿರಿ, ನಿಜ, ಏಕೆಂದರೆ ಅಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಹಕ್ಕಿರುವವರು ಕಡಿಮೆ. 2016ರಲ್ಲಿ ಆಯ್ಕೆಯಾದ ಸಾವಿರಕ್ಕೂ ಹೆಚ್ಚು ಜಿಲ್ಲಾ ಪಂಚಾಯಿತಿ ಸದಸ್ಯರಲ್ಲಿ, ಮೂರು ಸಾವಿರದ ಎಂಟುನೂರಕ್ಕೂ ಹೆಚ್ಚು ತಾಲ್ಲೂಕು ಪಂಚಾಯಿತಿ ಸದಸ್ಯರಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ವಿಧಾನಸಭೆಯಲ್ಲಿ ಅಂಥ ಮೀಸಲಾತಿ ಇನ್ನೂ ಜಾರಿಗೆ ಬಂದಿಲ್ಲವಾದ್ದರಿಂದ, ಗ್ರಾಮ ಪಂಚಾಯಿತಿಯಿಂದ ಮೇಲೇರಲು ಮಹಿಳೆಯರಿಗಿದ್ದ ನಡುವಿನ ಮೆಟ್ಟಿಲೇ ಇಲ್ಲವಾಗಿದೆ.

ಅಧಿಕಾರಿಗಳ ಕೆಲಸ ಬೇಗ ಆಗುತ್ತದೆಯೇ ಎಂಬುದನ್ನು ನೀವೇ ಅಳೆಯಬಹುದು. ರಾಜ್ಯ ಬಜೆಟ್ಟಿನ ಜೊತೆ ಬರುವ ‘ಲಿಂಕ್ ಡಾಕ್ಯುಮೆಂಟ್’ನಲ್ಲಿ ಜಿಲ್ಲಾ ವಲಯಕ್ಕೆ, ಅಂದರೆ ನಿಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ, ಯಾವ ಶೀರ್ಷಿಕೆಯಡಿ ಎಷ್ಟು ಹಣ ಎಂಬುದು ಜಿಲ್ಲಾವಾರು ಇರುತ್ತದೆ. ಅದರ ಬಹುಪಾಲು ಸಂಬಳಕ್ಕೆ ಹೋಗುವುದನ್ನು ನೋಡಿದರೆ ‘ಅಧಿಕಾರ ಹಂಚಿಕೆ’ಯ ನಿಜವಾದ ಅಳತೆ ತಿಳಿಯುತ್ತದೆ. ಸಂಬಳವನ್ನು ಕಳೆದು ಉಳಿದ ಮೊತ್ತದಲ್ಲಿ ಯಾವ ಊರಿನ ಯಾವ ಕಾಮಗಾರಿಗೆ ಎಷ್ಟು ಖರ್ಚಾಯಿತು, ಅದಕ್ಕೆ ಅನುಮೋದನೆ ಕೊಟ್ಟವರು ಯಾರು ಎಂಬ ಎರಡು ಪ್ರಶ್ನೆಗಳನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಮಾಹಿತಿ ಹಕ್ಕಿನಡಿ ಬರೆದು ಕೇಳಿ. ಮೊದಲ ಪ್ರಶ್ನೆಗಿಂತ ಎರಡನೆಯದರ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.