ಪಕ್ಕದ ಅಂಗಡಿಯವರು ರೇಟು ಇಳಿಸಿದರೆ ನಾವೂ ಇಳಿಸಬೇಕೇ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದು ಕಾಫಿ ಪುಡಿ ಅಂಗಡಿ. ಹುರಿಯುವುದು, ಪುಡಿ ಮಾಡುವುದು ಎರಡೂ ನಮ್ಮಲ್ಲೇ. ಅದೇ ರಸ್ತೆಗೆ ಹೊಸದಾಗಿ ಬಂದವರು ಕೆ.ಜಿ.ಗೆ ನಮಗಿಂತ 70 ರೂಪಾಯಿ ಕಡಿಮೆಗೆ ಕೊಡುತ್ತಿದ್ದಾರೆ. ಎರಡು ಹೋಟೆಲಿನವರು ಆಗಲೇ ಅತ್ತ ಹೋದರು. ನಾವೂ ಇಳಿಸೋಣ ಅಂದರೆ ಕಾಲೇಜು ಓದುವ ಮಗ ಬೇಡ ಅನ್ನುತ್ತಾನೆ. ವ್ಯಾಪಾರದ ಪೈಪೋಟಿ ಬಗ್ಗೆ ಬರೆದ ಅಮೆರಿಕದ ಪ್ರಾಧ್ಯಾಪಕ ಮೈಕೆಲ್ ಪೋರ್ಟರ್ ಎಂಬುವರ ಪಾಠ ಹೇಳುತ್ತಾನೆ. ದೊಡ್ಡ ಕಂಪನಿಗಳಿಗೆ ಹೇಳಿದ್ದು ನಮಗೂ ಆಗುತ್ತದಾ ಸರ್?

ಉತ್ತರ: ಆಗುತ್ತದೆ. ಆದರೆ ಪೋರ್ಟರ್ ಅವರ ಹತ್ತಿರ ಹೋಗುವ ಮುಂಚೆ ನಿಮ್ಮ ಲೆಕ್ಕದ ಪುಸ್ತಕ ಬಿಚ್ಚಿ. ರೇಟು ಇಳಿಸುವ ತೀರ್ಮಾನ ಬಹಳಷ್ಟು ಕಡೆ ಸಿಟ್ಟಿನಲ್ಲೋ ಭಯದಲ್ಲೋ ಆಗುತ್ತದೆ. ಪೆನ್ನು ಹಿಡಿದು ಕೂತರೆ ಚಿತ್ರವೇ ಬೇರೆ.

ಮೊದಲು ಒಂದು ಕೆ.ಜಿ. ಪುಡಿಗೆ ನಿಜವಾಗಿ ಎಷ್ಟು ಬೀಳುತ್ತದೆ ನೋಡಿ. ಇಲ್ಲಿಯ ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ನಿಮ್ಮ ರೇಟು ಹಾಕಿಕೊಳ್ಳಿ. ಕ್ಲೀನ್ ಬೀಜ, ಅಂದರೆ ಸಿಪ್ಪೆ ಬಿಡಿಸಿದ ಹುರಿಯದ ಬೀಜ, ಕೆ.ಜಿ.ಗೆ 400 ರೂಪಾಯಿ ಅನ್ನೋಣ. ಹುರಿಯುವಾಗ ತೇವ ಆರಿ, ಹೊಟ್ಟು ಹಾರಿ ತೂಕ ಶೇ 14ರಿಂದ 18ರವರೆಗೆ ಇಳಿಯುತ್ತದೆ. ಹೋಟೆಲಿನವರು ಕೇಳುವ ಕಪ್ಪು ಹುರಿಗೆ ಇನ್ನೂ ಜಾಸ್ತಿ. ಶೇ 16 ಎಂದು ಹಿಡಿದರೆ 100 ಕೆ.ಜಿ. ಹಾಕಿ 84 ಕೆ.ಜಿ. ತೆಗೆಯುತ್ತೀರಿ. ಅಲ್ಲಿಗೆ ಹುರಿದ ಬೀಜದ ಅಸಲು 400 ಅಲ್ಲ, 476. ಸಣ್ಣ ಅಂಗಡಿಗಳ ಲೆಕ್ಕ ತಪ್ಪುವುದು ಹೆಚ್ಚಾಗಿ ಈ ಒಂದು ಸಾಲಿನಲ್ಲೇ. ಗ್ಯಾಸು, ಕರೆಂಟು, ಕೂಲಿ, ಕವರು ಸೇರಿ ಇನ್ನೊಂದು 84 ರೂಪಾಯಿ ಬಿದ್ದರೆ ಒಟ್ಟು 560. ಚಿಕೋರಿ ಬೆರೆಸದ ಆ ಪುಡಿಯನ್ನು 700ಕ್ಕೆ ಮಾರಿದರೆ ಕೆ.ಜಿ.ಗೆ 140 ಉಳಿಯುತ್ತದೆ. ತಿಂಗಳಿಗೆ 500 ಕೆ.ಜಿ. ಹೋದರೆ 70,000 ರೂಪಾಯಿ. ಅಂಗಡಿ ಬಾಡಿಗೆಯೂ ಮನೆ ಖರ್ಚೂ ಇದರಲ್ಲೇ ನಡೆಯಬೇಕು.

ಈಗ 70 ಇಳಿಸಿ. ಕೆ.ಜಿ.ಗೆ ಉಳಿಯುವುದು 70. ಅದೇ 70,000 ಬರಬೇಕಾದರೆ 1,000 ಕೆ.ಜಿ. ಮಾರಬೇಕು. ಬೆಲೆ ಇಳಿದದ್ದು ಶೇ 10, ವ್ಯಾಪಾರ ಆಗಬೇಕಾದ್ದು ಎರಡರಷ್ಟು. 40 ಇಳಿಸಿದರೂ 700 ಕೆ.ಜಿ. ಬೇಕು. ಸೂತ್ರ ಸುಲಭ: ಎಷ್ಟು ಇಳಿಸಿದಿರೋ ಅದನ್ನು, ಇಳಿಸಿದ ಮೇಲೆ ಕೆ.ಜಿ.ಗೆ ಉಳಿಯುವ ದುಡ್ಡಿನಿಂದ ಭಾಗಿಸಿ. ವ್ಯಾಪಾರ ಎಷ್ಟು ಪಾಲು ಹೆಚ್ಚಬೇಕೋ ಅದು ಸಿಗುತ್ತದೆ. ಇದನ್ನೇ ತಿರುಗಿಸಿ ನೋಡಿ: 35 ಏರಿಸಿದರೆ 400 ಕೆ.ಜಿ. ಮಾರಿದರೂ ಅದೇ 70,000. ಅಂದರೆ ಐದರಲ್ಲಿ ಒಂದು ಪಾಲು ವ್ಯಾಪಾರ ಕೈಬಿಟ್ಟರೂ ನಷ್ಟವಿಲ್ಲ. ಏರಿಸಿ ಎಂದು ಹೇಳುತ್ತಿಲ್ಲ. ಇಳಿಸುವುದು ಎಷ್ಟು ದುಬಾರಿ ಎಂಬುದು ಕಣ್ಣಿಗೆ ಕಾಣಲಿ ಅಂತ.

ಪೋರ್ಟರ್ 1979ರಲ್ಲಿ ಬರೆದ ಮುಖ್ಯ ಮಾತು ಇದು: ನಿಮ್ಮ ಲಾಭಕ್ಕೆ ಕೈ ಹಾಕುವವನು ಪಕ್ಕದ ಅಂಗಡಿಯವನೊಬ್ಬನೇ ಅಲ್ಲ. ಕೊಳ್ಳುವವರು, ಮಾಲು ಕೊಡುವವರು, ಹೊಸದಾಗಿ ಬರುವವರು, ನಿಮ್ಮ ಸರಕಿನ ಬದಲು ಬಳಸುವಂಥ ಬೇರೆ ಸರಕು, ಇವೂ ಕೈ ಹಾಕುತ್ತವೆ. ನಿಮ್ಮ ಅಂಗಡಿಗೆ ಹೊಂದಿಸಿ ನೋಡಿ. ಕಾಫಿಯ ಎರಡು ಜಾತಿಗಳಲ್ಲಿ ಅರೇಬಿಕಾ ಬೆಲೆ ನ್ಯೂಯಾರ್ಕ್ ಮಾರುಕಟ್ಟೆ ಕಡೆ ನೋಡಿಕೊಂಡು, ರೊಬಸ್ಟಾ ಬೆಲೆ ಲಂಡನ್ ಮಾರುಕಟ್ಟೆ ಕಡೆ ನೋಡಿಕೊಂಡು ಏರಿಳಿಯುತ್ತದೆ. ಬೀಜದ ರೇಟು ನಿಮ್ಮ ಕೈಯಲ್ಲೂ ಇಲ್ಲ, ಅವರ ಕೈಯಲ್ಲೂ ಇಲ್ಲ. ಹುರಿಯುವ ಮಿಶಿನ್ ದುಡ್ಡಿದ್ದ ಯಾರಿಗೂ ಸಿಗುತ್ತದೆ, ಹಾಗಾಗಿ ಇವರು ಹೋದರೆ ಇನ್ನೊಬ್ಬರು ಬರುತ್ತಾರೆ. ಮನೆಗಳಲ್ಲಿ ಇನ್‌ಸ್ಟಂಟ್ ಸ್ಯಾಶೆ ಕೂತಿದೆ. ಇನ್ನು ಹೋಟೆಲು: ತಿಂಗಳಿಗೆ 50 ಕೆ.ಜಿ. ಒಯ್ದು ಒಂದೂವರೆ ತಿಂಗಳು ಬಾಕಿ ಉಳಿಸುವ ಗಿರಾಕಿಯ ಹತ್ತಿರ ನಿಮ್ಮ 52,500 ರೂಪಾಯಿ ಸದಾ ಸಿಕ್ಕಿಕೊಂಡಿರುತ್ತದೆ. ಆ ಎರಡು ಹೋಟೆಲಿನವರು ಹೋದದ್ದರಿಂದ ನಿಜಕ್ಕೂ ಎಷ್ಟು ಕಳೆದುಕೊಂಡಿರಿ ಎಂದು ಬಾಕಿಯ ಬಡ್ಡಿಯನ್ನೂ ಸೇರಿಸಿ ಲೆಕ್ಕ ಹಾಕಿ.

ಎದುರಿನವರ ರೇಟು ಹೇಗೆ ಕಡಿಮೆಯಾಯಿತು ಎಂಬುದನ್ನೂ ತಿಳಿದುಕೊಳ್ಳಿ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ಬರೆಯಲೇಬೇಕು. ಅವರ ಪ್ಯಾಕೆಟ್ ಒಂದನ್ನು ಕೊಂಡು ಓದಿ. ನೀವು 80:20 ಕೊಡುವಾಗ ಅವರು 60:40 ಕೊಡುತ್ತಿದ್ದರೆ ಅದು ಅಗ್ಗದ ಕಾಫಿ ಅಲ್ಲ, ಬೇರೆಯದೇ ಸರಕು.

ಇದಾದ ಮೇಲೆ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಕ್ಲೇಟನ್ ಕ್ರಿಸ್ಟೆನ್‌ಸನ್ ಅವರ ಪ್ರಶ್ನೆ ಕೇಳಿಕೊಳ್ಳಿ: ಗಿರಾಕಿ ಈ ಸರಕನ್ನು ಯಾವ ಕೆಲಸಕ್ಕೆ ಅಂತ ಒಯ್ಯುತ್ತಾನೆ? ಕೌಂಟರಿನ ಮೇಲೆ ಒಂದು ನೋಟ್‌ಬುಕ್ ಇಡಿ. ಎರಡು ವಾರ, ಪ್ರತಿ ಬಿಲ್ಲಿಗೆ ನಾಲ್ಕೇ ಸಂಗತಿ: ಎಷ್ಟು ಗ್ರಾಂ, ಯಾವ ಮಿಶ್ರಣ, ಬೀಜವೋ ಪುಡಿಯೋ, ಯಾರಿಗೆ. ಬಹುಶಃ ಮೂರು ಗುಂಪು ಕಾಣುತ್ತದೆ. ಮನೆಯವರು ಕಾಲು ಕೆ.ಜಿ. ಒಯ್ಯುತ್ತಾರೆ; ಬೆಳಗಿನ ಫಿಲ್ಟರಿಗೆ ಘಮ ಬೇಕು. ಹೋಟೆಲಿನವರಿಗೆ ಹಾಲಿಗೆ ಬಿದ್ದರೂ ಬಣ್ಣ ಬಿಡದ ಗಟ್ಟಿ ಡಿಕಾಕ್ಷನ್ ಬೇಕು, ಬಾಕಿ ಸಿಗಬೇಕು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ನೋಡಿ ಇಳಿದು ಬಂದ ಪ್ರವಾಸಿಗೆ ಊರಿಗೆ ಒಯ್ದು ನಾಲ್ಕು ಜನಕ್ಕೆ ಕೊಡುವಂಥದ್ದು ಬೇಕು. 70 ರೂಪಾಯಿ ಇಳಿಕೆ ಎಳೆಯುವುದು ಮುಖ್ಯವಾಗಿ ನಡುವಿನ ಗುಂಪನ್ನು. ಅದೊಂದಕ್ಕೋಸ್ಕರ ಮೂರೂ ಗುಂಪಿಗೆ ರೇಟು ಇಳಿಸುವುದು ದೊಡ್ಡ ತಪ್ಪು.

ಏನು ಮಾಡುವುದಿಲ್ಲ ಎಂದು ನಿರ್ಧರಿಸುವುದೇ ತಂತ್ರದ ತಿರುಳು ಎಂದು ಪೋರ್ಟರ್ 1996ರಲ್ಲಿ ವಾದಿಸಿದರು. ನನ್ನ ಅಭಿಪ್ರಾಯ ಕೇಳಿದರೆ, ಬಾಕಿಯ ಹೋಟೆಲು ವ್ಯಾಪಾರವನ್ನು ಅವರಿಗೆ ಬಿಟ್ಟು ಮನೆ ಗಿರಾಕಿಯನ್ನು ಗಟ್ಟಿ ಮಾಡಿಕೊಳ್ಳಿ. ವಾರಕ್ಕೆ ಎರಡು ಸಲ ಸಣ್ಣ ಪ್ರಮಾಣದಲ್ಲಿ ಹುರಿಯಿರಿ, ಹುರಿದ ತಾರೀಖನ್ನು ಪ್ಯಾಕೆಟ್ ಮೇಲೆ ಹಾಕಿ, ಗಿರಾಕಿ ಎದುರಿಗೇ ಪುಡಿ ಮಾಡಿ ಕೊಡಿ. ಹುರಿದ ಕೂಡಲೇ ಗಾಳಿಯಾಡದ ಕವರಿಗೆ ತುಂಬಿದರೆ ಬೀಜ ಬಿಡುವ ಇಂಗಾಲದ ಡೈಆಕ್ಸೈಡ್‌ಗೆ ಕವರು ಉಬ್ಬಿ ಹೊಲಿಗೆ ಬಿಡುತ್ತದೆ. ಪ್ರವಾಸಿಗರ ಪ್ಯಾಕೆಟ್ಟಿಗೆ ಒಂದು ಕಡೆಯಿಂದ ಮಾತ್ರ ಗಾಳಿ ಹೊರಬಿಡುವ ವಾಲ್ವ್ ಇರುವ ಕವರು ಬಳಸಿ. ಇನ್ನೊಂದು ಎಚ್ಚರ: ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಗುರುತನ್ನು ಪ್ಯಾಕೆಟ್ ಮೇಲೆ ಅಚ್ಚು ಹಾಕಿಸಬೇಡಿ.

ಪ್ರಶ್ನೆ: ಹಾಸನದಲ್ಲಿ ಬೇಕರಿ ನಡೆಸುತ್ತಿದ್ದೇವೆ. ಮಧ್ಯಾಹ್ನದ ಹೊತ್ತಿಗೆ ಬ್ರೆಡ್ಡು, ಬನ್ನು ಖಾಲಿ. ಬಂದವರನ್ನು ವಾಪಸ್ ಕಳಿಸುತ್ತಿದ್ದೇವೆ. ಸಾಲ ಮಾಡಿ ಹಿಟ್ಟು ಕಲಸುವ ದೊಡ್ಡ ಮಿಶಿನ್ ತರೋಣವೇ? ಹೊಸ ತಿಂಡಿ ಏನಾದರೂ ಶುರು ಮಾಡಬೇಕೆಂಬ ಆಸೆಯೂ ಇದೆ.

ಉತ್ತರ: ಮಿಶಿನ್ ಕೊಟೇಶನ್ನಿಗೆ ಒಂದು ವಾರ ತಡೆಯಿರಿ. ಎಲಿಯಾಹು ಗೋಲ್ಡ್‌ರಾಟ್ ಎಂಬ ಇಸ್ರೇಲಿನ ಭೌತವಿಜ್ಞಾನಿ 1980ರ ದಶಕದಲ್ಲಿ ಕಾರ್ಖಾನೆಗಳಿಗೆ ಹೇಳಿದ ಮಾತು ಬೇಕರಿಗೆ ನೇರವಾಗಿ ಕೂರುತ್ತದೆ: ಇಡೀ ಕೆಲಸದ ವೇಗವನ್ನು ತೀರ್ಮಾನಿಸುವುದು ಯಾವುದೋ ಒಂದು ಇಕ್ಕಟ್ಟಿನ ಜಾಗ. ಬೇರೆ ಕಡೆ ಎಷ್ಟೇ ದುಡ್ಡು ಸುರಿದರೂ ಹೊರಗೆ ಬರುವ ಮಾಲು ಹೆಚ್ಚುವುದಿಲ್ಲ.

ಇಕ್ಕಟ್ಟು ಎಲ್ಲಿದೆ ಎಂದು ಕಂಡುಹಿಡಿಯಲು ಮಾಲು ಎಲ್ಲಿ ಕಾಯುತ್ತಾ ನಿಂತಿದೆ ನೋಡಿ. ಉಬ್ಬಿದ ಹಿಟ್ಟಿನ ಟ್ರೇಗಳು ಓವನ್ ಮುಂದೆ ಸಾಲುಗಟ್ಟಿದ್ದರೆ ಇಕ್ಕಟ್ಟು ಓವನ್ನಿನಲ್ಲಿದೆ. ಆಗ ದೊಡ್ಡ ಮಿಶಿನ್ ತಂದರೆ ಕೇಡೇ ಹೆಚ್ಚು. ಹಿಟ್ಟು ಬೇಗ ತಯಾರಾಗಿ ಹೆಚ್ಚು ಹೊತ್ತು ಕಾಯುತ್ತದೆ, ಅತಿಯಾಗಿ ಉಬ್ಬಿ ಓವನ್ನಿಗೆ ಹೋದ ಕೂಡಲೇ ಕುಸಿಯುತ್ತದೆ, ಹುಳಿ ವಾಸನೆ ಬರುತ್ತದೆ. ಓವನ್ ಖಾಲಿ ನಿಂತು ಹಿಟ್ಟಿಗೆ ಕಾಯುತ್ತಿದ್ದರೆ ಮಾತ್ರ ಮಿಶಿನ್ ಮಾತು ಆಡಬಹುದು.

ಓವನ್ ಪಕ್ಕ ಒಂದು ಸ್ಲೇಟು ನೇತು ಹಾಕಿ. ಪ್ರತಿ ಸಲ ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಬರೆಯಿಸಿ. 400 ಗ್ರಾಂ ಬ್ರೆಡ್ ಬೇಯಲು ಸುಮಾರು 30 ನಿಮಿಷ. ಒಂದು ಸರದಿ ಇಳಿಸಿ ಇನ್ನೊಂದು ಏರಿಸಲು 10 ನಿಮಿಷ ಹೋಗುತ್ತಿದೆ ಅನ್ನಿ. ಬೆಳಗಿನ ಜಾವ 4ರಿಂದ 12ರವರೆಗೆ 480 ನಿಮಿಷದಲ್ಲಿ 12 ಸರದಿ ಆಗುತ್ತದೆ. ಮುಂದಿನ ಟ್ರೇಗಳನ್ನು ಮೊದಲೇ ಜೋಡಿಸಿಟ್ಟು ಆ 10 ನಿಮಿಷವನ್ನು 4ಕ್ಕೆ ಇಳಿಸಿದರೆ 14 ಸರದಿ. ಸರದಿಗೆ 40 ಬ್ರೆಡ್ಡಿನಂತೆ ದಿನಕ್ಕೆ 80 ಬ್ರೆಡ್ ಜಾಸ್ತಿ, ಒಂದು ರೂಪಾಯಿ ಸಾಲವಿಲ್ಲದೆ. ಹುಡುಗರು ತಿಂಡಿಗೆ ಒಟ್ಟಿಗೆ ಹೋಗದೆ ಸರದಿ ಮೇಲೆ ಹೋಗಲಿ, ಓವನ್ ನಿಲ್ಲಬಾರದು. ಹಿಟ್ಟನ್ನು ಒಂದೇ ಸಲ ಕಲಸದೆ ಓವನ್ನಿನ ಸರದಿಗೆ ತಕ್ಕಂತೆ ಬಿಡಿಬಿಡಿಯಾಗಿ ಕಲಸಿ. ಹೆಚ್ಚು ಶಾಖದ ಬ್ರೆಡ್, ಬನ್ನು ಮೊದಲು, ಇಳಿಶಾಖದಲ್ಲಿ ಬೇಯುವ ಬೆಣ್ಣೆ ಬಿಸ್ಕತ್ತು ಕೊನೆಗೆ. ಮಧ್ಯೆ ಮಧ್ಯೆ ಬಿಸ್ಕತ್ತು ನುಗ್ಗಿಸಿದರೆ ಓವನ್ ಆರಿಸಿ ಮತ್ತೆ ಕಾಯಿಸುವುದರಲ್ಲೇ ಹೊತ್ತು ಹೋಗುತ್ತದೆ.

ಕೆಲವು ಬೇಕರಿಗಳಲ್ಲಿ ಇಕ್ಕಟ್ಟು ಇರುವುದು ಓವನ್ ದಾಟಿದ ಮೇಲೆ. ಬ್ರೆಡ್ ಚೆನ್ನಾಗಿ ಆರದೆ ಸ್ಲೈಸ್ ಮಾಡಿದರೆ ಹರಿಯುತ್ತದೆ, ಕವರಿನೊಳಗೆ ಬೆವರಿ ಬೇಗ ಬೂಷ್ಟು ಹಿಡಿಯುತ್ತದೆ. ಆರಲು ಒಂದೂವರೆ–ಎರಡು ಗಂಟೆ ಬೇಕು. ಆರಿಸುವ ರ‍್ಯಾಕ್ ಸಾಲದೆ ಕೆಲಸ ನಿಲ್ಲುತ್ತಿದ್ದರೆ ಎರಡು ಕಬ್ಬಿಣದ ರ‍್ಯಾಕ್ ಮಾಡಿಸಿದರೆ ಸಾಕು.

ಹೊಸ ತಿಂಡಿಯ ವಿಷಯ. ಹೊಸತನ ಎಂದರೆ ಇರುವುದನ್ನೇ ಹೊಸದಾಗಿ ಕೂಡಿಸುವುದು ಎಂದು ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ 1911ರಲ್ಲೇ ಬರೆದಿದ್ದರು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ಇರುವುದು ನಿಮ್ಮ ಜಿಲ್ಲೆಯಲ್ಲೇ. ಬನ್ನಿನ ಹಿಟ್ಟಿಗೆ ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ ಸೇರಿಸಿದ ಖಾರಾ ಬನ್ನಿಗಿಂತ ಒಳ್ಳೆಯ ಉದಾಹರಣೆ ಬೇಕೇ? ಶುರು ಮಾಡುವಾಗ ದಿನಕ್ಕೆ 20 ಪೀಸ್ ಸಾಕು, ಮೂರು ವಾರ. ಮೊದಲ ದಿನವೇ ಬರೆದಿಡಿ: ಮೂರನೆಯ ವಾರ ಸಂಜೆ 6ರೊಳಗೆ 16 ಹೋದರೆ ಮುಂದುವರಿಕೆ, ಇಲ್ಲದಿದ್ದರೆ ನಿಲ್ಲಿಸುವುದು. ಮೊದಲ ವಾರದ ವ್ಯಾಪಾರ ನಂಬಬೇಡಿ, ಕುತೂಹಲಕ್ಕೆ ಕೊಂಡವರೇ ಹೆಚ್ಚು. ಎರಡನೇ ಸಲ ಬಂದು ಕೇಳುವವರನ್ನು ಎಣಿಸಿ. ಓವನ್ನಿನ ಇಕ್ಕಟ್ಟು ಬಿಡಿಸಿಕೊಳ್ಳುವವರೆಗೆ ಇದಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಪ್ರಶ್ನೆ: ಸಕಲೇಶಪುರದ ಹತ್ತಿರ ಕಾಫಿ ಎಸ್ಟೇಟಿನಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಆಗಿದ್ದೇನೆ. ವಯಸ್ಸು 27. ಮ್ಯಾನೇಜರ್ ಆಗಬೇಕೆಂಬ ಗುರಿ. ವ್ಯಕ್ತಿತ್ವ ವಿಕಸನದ ವಿಡಿಯೊ ಬಹಳ ನೋಡುತ್ತೇನೆ, 10,000 ಗಂಟೆ ದುಡಿದರೆ ಯಾರಾದರೂ ಪರಿಣತರಾಗುತ್ತಾರೆ ಅನ್ನುತ್ತಾರೆ. ನಾನು ಇದ್ದಲ್ಲೇ ಇದ್ದೇನೆ.

ಉತ್ತರ: ಆ 10,000 ಗಂಟೆಯ ಮಾತು ಹುಟ್ಟಿದ್ದು ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪಿಟೀಲು ವಿದ್ಯಾರ್ಥಿಗಳ ಅಧ್ಯಯನದಿಂದ. ಅತ್ಯುತ್ತಮ ಗುಂಪಿನವರು 20ನೇ ವಯಸ್ಸಿನೊಳಗೆ ಮಾಡಿದ್ದ ಅಭ್ಯಾಸದ ಸರಾಸರಿ ಅದು. ದಾಟಿದರೆ ಪರಿಣತಿ ಸಿಗುವ ಗಡಿಯಲ್ಲ. ಅಧ್ಯಯನದ ಒತ್ತು ಇದ್ದದ್ದು ಗಂಟೆಯ ಲೆಕ್ಕಕ್ಕಿಂತ ಅಭ್ಯಾಸದ ರೀತಿಯ ಮೇಲೆ: ಒಂದು ನಿರ್ದಿಷ್ಟ ಕೊರತೆ ಹಿಡಿದು, ತಪ್ಪು ತಕ್ಷಣ ತಿಳಿಯುವಂತೆ ಮಾಡುವ ಅಭ್ಯಾಸ. ಹತ್ತು ವರ್ಷ ಅದೇ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆದರೆ ಅಕ್ಷರ ದುಂಡಗಾಗುತ್ತದೆ, ತೋಟ ನಡೆಸುವುದು ಬರುವುದಿಲ್ಲ.

ನಿಮಗೆ ಹೊಂದುವುದು ಆಡಳಿತ ನಿರ್ವಹಣೆಯ ಬಗ್ಗೆ ಬರೆದ ಪೀಟರ್ ಡ್ರಕ್ಕರ್ ಅವರ ವಿಧಾನ. ಮುಖ್ಯ ತೀರ್ಮಾನ ತೆಗೆದುಕೊಂಡಾಗ ಏನಾಗುತ್ತದೆ ಎಂದುಕೊಂಡಿದ್ದೀರೋ ಬರೆದಿಡಿ, 9ರಿಂದ 12 ತಿಂಗಳ ಮೇಲೆ ಆದದ್ದರ ಜೊತೆ ಹೋಲಿಸಿ. ಕಾಫಿ ತೋಟದವರಿಗೆ ಇದು ಕೈಗೆ ಹತ್ತಿರ. ಮಾರ್ಚಿಯ ಹೂಮಳೆಗೆ ಅರಳಿದ್ದು ಅರೇಬಿಕಾದಲ್ಲಿ ನವೆಂಬರ್‌ನಿಂದ, ರೊಬಸ್ಟಾದಲ್ಲಿ ಜನವರಿಯಿಂದ ಕೊಯ್ಲಿಗೆ ಬರುತ್ತದೆ. ಡ್ರಕ್ಕರ್ ಹೇಳಿದ ಅವಧಿ ಹೆಚ್ಚುಕಡಿಮೆ ಅದೇ.

ಮಾಡಬೇಕಾದ್ದು ಇಷ್ಟು. ಹೂ ಕಟ್ಟಿದ ಮೇಲೆ ತೋಟದ ಒಂದೊಂದು ಬ್ಲಾಕಿಗೂ ಎಷ್ಟು ಚೀಲ ಬರಬಹುದು ಎಂದು ನಿಮ್ಮ ಅಂದಾಜು ಬರೆಯಿರಿ, ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ: ಹೂಮಳೆ ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಬಿತ್ತು, ಬ್ಯಾಕಿಂಗ್ ಮಳೆ (ಹೂ ಅರಳಿದ ಮೇಲೆ ಕಾಯಿ ಕಚ್ಚಲು ಬೇಕಾದ ಮಳೆ) ಎಷ್ಟು ದಿನದಲ್ಲಿ ಬಂತು, ನೆರಳು ಹೇಗಿತ್ತು. ಮಳೆಗಾಲ ಮುಗಿದ ಮೇಲೆ, ಕಾಯಿ ಉದುರಿದ್ದು ನೋಡಿ, ಎರಡನೇ ಅಂದಾಜು. ಮೊದಲಿನದನ್ನು ತಿದ್ದಬೇಡಿ, ಕೆಳಗೆ ಬರೆಯಿರಿ. ಕೊಯ್ಲಿನ ಲೆಕ್ಕ ಹೇಗೂ ನಿಮ್ಮ ಕೈಯಲ್ಲೇ ಇರುತ್ತದೆ. ಬ್ಲಾಕ್‌ವಾರು ಎದುರಿಗೆ ಇಡಿ. ಎಲ್ಲ ಬ್ಲಾಕಿನಲ್ಲೂ ಹೆಚ್ಚೇ ಹೇಳಿದ್ದರೆ ಹೂ ನೋಡಿ ಮರುಳಾಗುತ್ತೀರಿ, ಉದುರುವ ಪಾಲು ಕಳೆಯುತ್ತಿಲ್ಲ. ಒಂದೆರಡು ಬ್ಲಾಕಿನಲ್ಲಿ ಮಾತ್ರ ತಪ್ಪಿದ್ದರೆ ಅಲ್ಲಿ ಕೊಳೆರೋಗವೋ ಕಾಂಡಕೊರಕವೋ ನಿಮ್ಮ ಕಣ್ಣಿಗೆ ಬೀಳದೆ ಉಳಿದಿದೆ.

ಬಲ ಇರುವ ಕಡೆ ದುಡಿಯಿರಿ, ಬಾರದ್ದನ್ನು ಸಾಧಾರಣ ಮಟ್ಟಕ್ಕೆ ತರಲು ಆಯಸ್ಸು ಕಳೆಯಬೇಡಿ ಎಂಬುದೂ ಡ್ರಕ್ಕರ್ ಅವರದೇ ಸಲಹೆ. ಲೆಕ್ಕದಲ್ಲಿ ನಿಮ್ಮ ಕೈ ಗಟ್ಟಿ ಎಂದು ಎರಡು ಸೀಸನ್ನಿನ ಪುಟಗಳೇ ಹೇಳಿದರೆ, ಬ್ಲಾಕ್‌ವಾರು ಕೊಯ್ಲಿನ ಕೂಲಿ ಕೆ.ಜಿ.ಗೆ ಎಷ್ಟು ಬಿತ್ತು ಎಂಬ ಪಟ್ಟಿಯನ್ನೂ ಜೊತೆಗೆ ಸೇರಿಸಿ ಯಜಮಾನರಿಗೆ ತೋರಿಸಿ. ರೋಗ, ಕೀಟದ ಗುರುತು ಸಾಲದು ಅನ್ನಿಸಿದರೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ತರಬೇತಿ ಯಾವಾಗ ಇದೆ ಎಂದು ಹತ್ತಿರದ ಕಾಫಿ ಮಂಡಳಿ ಕಚೇರಿಯಲ್ಲಿ ವಿಚಾರಿಸಿ. ಕೊಯ್ಲಿನ ಗಡಿಬಿಡಿಯಲ್ಲಿ ರಜೆ ಸಿಗುವುದಿಲ್ಲ, ಮಳೆಗಾಲದ ತಿಂಗಳುಗಳಿಗೇ ಈಗಿನಿಂದ ಯಜಮಾನರ ಹತ್ತಿರ ಕೇಳಿಟ್ಟುಕೊಳ್ಳಿ.