ಹಾಸನದಲ್ಲಿ ಎರಡು ವರ್ಷದ ವಕೀಲಿಕೆಯಾಗಿದೆ. ಮಕ್ಕಳ ಹಕ್ಕುಗಳ ಫೆಲೋಶಿಪ್‌ಗೆ ಅರ್ಜಿ ಹಾಕಲೇ?

ಹಾಸನದಲ್ಲಿ ಸೀನಿಯರ್ ಒಬ್ಬರ ಬಳಿ ಎರಡು ವರ್ಷ ಕಳೆದಿದ್ದೀರಿ. ಮಕ್ಕಳ ಪರ ಕೆಲಸ ಮಾಡುವ ಕಿರಿಯ ವಕೀಲರಿಗೆಂದು ಒಂದು ವರ್ಷದ ಫೆಲೋಶಿಪ್ ಕರೆದಿದ್ದಾರೆ. ಹೋದರೆ ಈಗಷ್ಟೇ ಬರತೊಡಗಿರುವ ನಾಲ್ಕು ಕಕ್ಷಿದಾರರೂ ಕೈತಪ್ಪುತ್ತಾರೆಂಬ ಭಯ ನಿಮ್ಮದು. ನಾನು ಚಿಕ್ಕಮಗಳೂರಿನಲ್ಲಿ ವಕೀಲಿಕೆ ಮಾಡುತ್ತಿದ್ದೇನೆ, ಸನ್ನದು (ವಕೀಲಿಕೆಯ ಪರವಾನಗಿ) ಪಡೆದ ಮೂರನೆಯ ವರ್ಷ ಇಂಥದ್ದೇ ಒಂದು ಫೆಲೋಶಿಪ್ ಮಾಡಿದ್ದೇನೆ. ಅರ್ಜಿ ಹಾಕಿ. ಆದರೆ ನಿಮ್ಮ ಜಿಲ್ಲೆಯಲ್ಲೇ ಇದ್ದು ಕೆಲಸ ಮಾಡಲು ಬಿಡುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳಿ. ಬೆಂಗಳೂರಿನ ಕಚೇರಿಯಲ್ಲಿ ಕೂತು ವರದಿ ಬರೆಯುವುದೇ ಕೆಲಸ ಎಂದಾದರೆ, ನಿಮ್ಮ ಜಾಗದಲ್ಲಿ ನಾನಿದ್ದರೆ ಹೋಗುತ್ತಿರಲಿಲ್ಲ.

ಮಕ್ಕಳ ಪ್ರಕರಣಗಳಲ್ಲಿ ವಕೀಲರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದು ಸಮಯ, ಆ ಸಮಯಕ್ಕೆ ಫೀಸು ಕೊಡುವವರು ಯಾರೂ ಇರುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಾಗಿ ಇರುವ ಪೋಕ್ಸೊ ಕಾಯ್ದೆಯ ಪ್ರಕರಣವನ್ನು ನಡೆಸುವವರು ಸರ್ಕಾರಿ ಅಭಿಯೋಜಕರು. ಮಗುವಿನ ಮನೆಯವರು ತಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದು, ಶಕ್ತಿ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಒದಗಿಸಬೇಕು ಎಂದು ಆ ಕಾಯ್ದೆಯ ಕಲಂ 40 ಹೇಳುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರ ಪ್ರಕಾರ, ಮಗುವಿಗೆ ಉಚಿತ ನೆರವು ಕೊಡುವಾಗ ಮನೆಯ ಆದಾಯವನ್ನೂ ನೋಡುವಂತಿಲ್ಲ. ಇಷ್ಟೆಲ್ಲ ಇದ್ದರೂ ಒಂದು ಇಡೀ ದಿನವನ್ನು ಒಂದೇ ಮಗುವಿಗೆ ಕೊಡಬಲ್ಲ ವಕೀಲರು ಬೇಕಲ್ಲ. ಬೆಳಿಗ್ಗೆ ಸೀನಿಯರ್ ಕಡತ ಹಿಡಿದು ಓಡುವ, ಸಂಜೆ ನಕಲು ಅರ್ಜಿಗೆ ಅಲೆಯುವ ಕಿರಿಯರಿಗೆ ಆ ದಿನ ಎಲ್ಲಿಂದ ಬರಬೇಕು? ಕಿರಿಯರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿಯಾದರೂ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಹೇಳಿದ್ದು ಸಲಹೆ ಮಾತ್ರ. ನನಗೆ ಆಗ ಸಿಗುತ್ತಿದ್ದುದು ಬಸ್ಸಿಗೂ ಮಧ್ಯಾಹ್ನದ ಊಟಕ್ಕೂ ಸರಿಹೋಗುತ್ತಿತ್ತು. ಫೆಲೋಶಿಪ್ ಹಣ ಬರತೊಡಗಿದ ಮೇಲೆಯೇ ವಾರದಲ್ಲಿ ಎರಡು ದಿನ ನನ್ನವು ಎನ್ನುವಂತಾಯಿತು.

ಆ ದಿನಗಳಲ್ಲಿ ಏನು ಮಾಡಿದೆ ಎಂಬುದಕ್ಕೆ ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ. ಬಯಲುಸೀಮೆಯಿಂದ ಕಾಫಿ ಕೊಯ್ಲಿಗೆ ಬಂದು ತೋಟದ ಲೈನ್ ಮನೆಯಲ್ಲಿದ್ದ ಕುಟುಂಬ, ಎಂಟನೆಯ ತರಗತಿಯ ಹುಡುಗಿ. ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯಬೇಕಿತ್ತು. ಮೊದಲ ಸಲ ಹೋದಾಗ ಅವಳು ನನ್ನತ್ತ ತಲೆಯನ್ನೇ ಎತ್ತಲಿಲ್ಲ. ತೂಕಕ್ಕೆ ಹಾಕುವ ಮುನ್ನ ತಾಯಿಯ ಚೀಲದಿಂದ ಹಸಿರು ಕಾಯಿಗಳನ್ನು ಬೇರೆ ಮಾಡುತ್ತ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತು ಆರಿಸತೊಡಗಿದೆ. ಒಂದು ಗಂಟೆಯ ಮೇಲೆ ಅವಳಾಡಿದ ಮೊದಲ ಮಾತು: "ಅಕ್ಕಾ, ಅದು ಹಣ್ಣಲ್ಲ. ಆ ಕಡೆ ಹಾಕಿ."

ಮೂರನೆಯ ಭೇಟಿಯಲ್ಲಿ, "ಅವನೂ ಅಲ್ಲಿ ಇರುತ್ತಾನೆಯೇ?" ಎಂದು ಕೇಳಿದಳು. ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕೆಂದು ಪೋಕ್ಸೊ ಕಲಂ 36 ಹೇಳುತ್ತದೆ. ನಡುವೆ ಪರದೆ ಇರುತ್ತದೆ, ಹೆದರಬೇಡ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಪರದೆಯ ಕೆಳಗೆ ಕಾಲು ಕಾಣುತ್ತದೆಯೇ?"

ನನ್ನಲ್ಲಿ ಉತ್ತರವಿರಲಿಲ್ಲ. ಸಾಕ್ಷಿಯ ಹಿಂದಿನ ದಿನ ಹೋಗಿ ನೋಡಿದೆ. ಪರದೆ ನೆಲದಿಂದ ಒಂದು ಗೇಣು ಮೇಲಕ್ಕೇ ನಿಂತಿತ್ತು. ಸಿಬ್ಬಂದಿಯ ಗಮನಕ್ಕೆ ತಂದೆ. ಅವರು ಅಂದು ಸಂಜೆಯೇ ಪರದೆ ಇಳಿಸಿ, ಸಾಕ್ಷಿಯ ಕುರ್ಚಿಯನ್ನೂ ಬೇರೆ ಕಡೆಗೆ ತಿರುಗಿಸಿಕೊಟ್ಟರು. ಮರುದಿನ ಒಳಗೆ ಬಂದವಳು ಮೊದಲು ನೋಡಿದ್ದು ನೆಲವನ್ನು. ಆಮೇಲೆ ಕೂತಳು. ಪಾಟೀಸವಾಲಿನ ಪ್ರಶ್ನೆಗಳನ್ನು ವಕೀಲರು ನೇರವಾಗಿ ಕೇಳುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ನಡುನಡುವೆ ಬಿಡುವು ಕೊಡಬೇಕು. ಎರಡೂ ಕಲಂ 33ರಲ್ಲಿವೆ, ಎರಡೂ ಅಂದು ನಡೆದವು. ನಾನು ಆ ದಿನ ವಾದಿಸಿದ್ದು ಏನೂ ಇಲ್ಲ. ಆದರೆ ಆ ಪರದೆ ನೋಡಿ ಬರಲು ನನಗೆ ಬಿಡುವಿತ್ತು, ಅಂಥ ಬಿಡುವು ನಿಮಗೂ ಸಿಗಲಿ ಎಂದೇ ಅರ್ಜಿ ಹಾಕಿ ಎನ್ನುತ್ತಿದ್ದೇನೆ.

ಅರ್ಜಿಯಲ್ಲಿ ಸಂವಿಧಾನದ ವಿಧಿಗಳನ್ನು ಸಾಲಾಗಿ ಬರೆಯಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ನಿಮ್ಮ ಜಿಲ್ಲೆಯನ್ನು ಬರೆಯಿರಿ. ಸಕಲೇಶಪುರ, ಬೇಲೂರು ಕಡೆಯ ತೋಟಗಳಿಗೆ ಊರೂರು ಬದಲಿಸಿ ಬರುವ ಮಕ್ಕಳ ವಯಸ್ಸನ್ನು ಸಾಬೀತುಪಡಿಸುವುದು ಎಷ್ಟು ಕಷ್ಟ ಎಂಬುದನ್ನೇ ತೆಗೆದುಕೊಳ್ಳಿ. 2015ರ ಬಾಲನ್ಯಾಯ ಕಾಯ್ದೆಯ ಕಲಂ 94 ಮೊದಲು ಶಾಲೆಯ ದಾಖಲೆ ಕೇಳುತ್ತದೆ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಹಿಂದಿನ ಊರಿನ ಶಾಲೆಯಿಂದ ಒಂದು ದಾಖಲೆ ತರಿಸಲು ನೀವು ಎಷ್ಟು ಬಸ್ಸು ಹತ್ತಬೇಕಾಗುತ್ತದೆ ಎಂದು ಬರೆದರೆ, ಓದುವವರಿಗೆ ನಿಮ್ಮ ಕೆಲಸ ಕಣ್ಣಿಗೆ ಕಟ್ಟುತ್ತದೆ. ಬಾಲ್ಯವಿವಾಹದ ಬಗ್ಗೆ ಬರೆಯುವುದಾದರೆ ಕರ್ನಾಟಕದ 2016ರ ತಿದ್ದುಪಡಿಯನ್ನು ಮರೆಯಬೇಡಿ. ಕೇಂದ್ರದ 2006ರ ಕಾಯ್ದೆಯಲ್ಲಿ ಅಂಥ ಮದುವೆ ಸಾಮಾನ್ಯವಾಗಿ ರದ್ದುಪಡಿಸಬಹುದಾದದ್ದು ಮಾತ್ರ. ನಮ್ಮಲ್ಲಿ ತಿದ್ದುಪಡಿ ಬಂದ ಮೇಲೆ ನಡೆದದ್ದು ಮೊದಲಿನಿಂದಲೇ ಅಸಿಂಧು. ಇದು ತಿಳಿಯದೆ ವಿಚ್ಛೇದನ ಕೊಡಿಸಿ ಎಂದು ಬಂದ ತಂದೆತಾಯಿಯರನ್ನು ನಾನೇ ನೋಡಿದ್ದೇನೆ.

ನೀವೇ ಬರೆದ ಕಾನೂನು ಬರಹದ ಮಾದರಿಯನ್ನೂ ಕೇಳುತ್ತಾರೆ. ಮಗುವಿನ ಪ್ರಕರಣದ ಅರ್ಜಿಯನ್ನು ಕಳುಹಿಸುವುದಾದರೆ ಹೆಸರಿಗೆ ಮಸಿ ಬಳಿದರೆ ಸಾಲದು. ಊರು, ಶಾಲೆ, ತಂದೆತಾಯಿಯ ಹೆಸರು, ಅಪರಾಧ ಸಂಖ್ಯೆ ಎಲ್ಲವನ್ನೂ ತೆಗೆಯಿರಿ. ಪೋಕ್ಸೊ ಕಲಂ 23 ಮತ್ತು ಬಾಲನ್ಯಾಯ ಕಾಯ್ದೆಯ ಕಲಂ 74 ಗುರುತು ಬಯಲಾಗುವುದನ್ನು ಒಪ್ಪುವುದಿಲ್ಲ. ನಾನು ಆಯ್ಕೆಗೆ ಕೂತಿದ್ದರೆ ಮೊದಲು ನೋಡುವುದು ಇದನ್ನೇ.

ಸನ್ನದಿನ ವಿಷಯ. ಪೂರ್ಣಾವಧಿಯ ಸಂಬಳದ ನೌಕರಿಯಲ್ಲಿದ್ದವರು ವಕೀಲಿಕೆ ಮಾಡುವಂತಿಲ್ಲ ಎಂದು ವಕೀಲರ ಪರಿಷತ್ತಿನ ನಿಯಮ 49 ಹೇಳುತ್ತದೆ. ಆದ್ದರಿಂದ ಕೊಡುವುದು ಸಂಬಳವೋ ಶಿಷ್ಯವೇತನವೋ, ನಿಮ್ಮ ಹೆಸರಿನಲ್ಲಿ ವಕಾಲತ್ತು ಹಾಕಬಹುದೋ ಎಂಬುದು ಬರಹದಲ್ಲೇ ಇರಲಿ. ಸೀನಿಯರ್‌ಗೆ ಮೊದಲೇ ಹೇಳಿಬಿಡಿ, ಬೇರೆಯವರ ಬಾಯಿಂದ ತಿಳಿಯಬಾರದು. ಕಕ್ಷಿದಾರರ ಮಾತು ಹೇಳುವುದಾದರೆ, ನನಗೆ ಎರಡು ಸಿವಿಲ್ ದಾವೆ ಕೈತಪ್ಪಿದವು. ಆಗ ಬೇಸರವಾಗಿತ್ತು, ಈಗಿಲ್ಲ.

ಸಂದರ್ಶನದಲ್ಲಿ ನೀವೂ ಒಂದು ಪ್ರಶ್ನೆ ಕೇಳಲೇಬೇಕು. ವಿಚಾರಣೆ ಸಾಧ್ಯವಾದ ಮಟ್ಟಿಗೆ ಒಂದು ವರ್ಷದಲ್ಲಿ ಮುಗಿಯಬೇಕೆಂದು ಪೋಕ್ಸೊ ಕಲಂ 35 ಹೇಳಿದರೂ ನಾನು ಹಿಡಿದ ಪ್ರಕರಣಗಳು ಅಷ್ಟರಲ್ಲಿ ಮುಗಿಯಲಿಲ್ಲ. ಫೆಲೋಶಿಪ್ ಮುಗಿಯಿತು, ಹಣ ನಿಂತಿತು, ಮಕ್ಕಳ ಮುಂದಿನ ದಿನಾಂಕಗಳು ಬರುತ್ತಲೇ ಇದ್ದವು. ಒಂದೂವರೆ ವರ್ಷ ಕೈಯಿಂದ ಬಸ್ ಚಾರ್ಜು ಕೊಟ್ಟು ಹೋದೆ. ಹೋಗದೆ ಇರಲು ಆಗುತ್ತಿರಲಿಲ್ಲ. ನಾನು ಬರುತ್ತೇನೆಂದು ಮಾತು ಕೊಟ್ಟಿದ್ದೆ. ಆದ್ದರಿಂದ ಕೇಳಿ: ವರ್ಷ ಮುಗಿದ ಮೇಲೆ ಈ ಮಕ್ಕಳ ಜೊತೆ ನ್ಯಾಯಾಲಯಕ್ಕೆ ಯಾರು ಹೋಗುತ್ತಾರೆ, ಅವರ ಖರ್ಚು ಯಾರದು? ನೇರ ಉತ್ತರ ಬಂದರೆ ಸಹಿ ಹಾಕಿ.

ಕರಡು ಸಿದ್ಧವಾದಾಗ ಇಲ್ಲೇ ಒಂದು ಸಂದೇಶ ಹಾಕಿ. ಬೇಲೂರಿನ ಮೇಲೆ ಬಂದರೆ ಚಿಕ್ಕಮಗಳೂರು ಸುಮಾರು 60 ಕಿಲೋಮೀಟರ್. ಒಂದು ಭಾನುವಾರ ಕೂತು ಇಬ್ಬರೂ ಸೇರಿ ತಿದ್ದೋಣ.