ಮದುವೆ ಮುಗೀತು, ರೆಸಾರ್ಟ್ ಯಾವುದು? ಓದುಗರ ಪ್ರಶ್ನೆ, ನಮ್ಮ ಉತ್ತರ

ವೈಶಾಖದ ಮುಹೂರ್ತಗಳು ಹತ್ತಿರ ಬರುತ್ತಿದ್ದಂತೆ ಮೈಸೂರು, ಮಂಡ್ಯ ಕಡೆಯ ಓದುಗರಿಂದ ಹನಿಮೂನ್ ಪ್ಯಾಕೇಜಿನ ಬಗ್ಗೆ ಸಾಲು ಸಾಲು ಕಾಗದಗಳು ಬಂದಿವೆ. ಒಂದೇ ತೆರನಾದವನ್ನು ಕೂಡಿಸಿ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಮೇ ತಿಂಗಳಲ್ಲಿ ನನ್ನ ಮದುವೆ. ಬೀಗರೂಟ ಮುಗಿಸಿಕೊಂಡು ಹೊರಡಬೇಕು. ಏಜೆಂಟರು ಎರಡು ಕೊಟೇಶನ್ ಕೊಟ್ಟಿದ್ದಾರೆ: ಕಬಿನಿಯಲ್ಲಿ ಎರಡು ರಾತ್ರಿ, ಇಲ್ಲವೇ ಮಾಲ್ಡೀವ್ಸ್‌ನಲ್ಲಿ ನಾಲ್ಕು ರಾತ್ರಿ. ಎರಡರ ಮೇಲೂ ‘ಆಲ್ ಇನ್‌ಕ್ಲೂಸಿವ್’ ಎಂದು ಬರೆದಿದೆ. ನಮ್ಮ ಭಾವ, ‘ದಂಡದ ಖರ್ಚು, ರೂಮ್ ಮಾತ್ರ ಹಿಡಿ’ ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಒಬ್ಬ ಓದುಗ, ಮಂಡ್ಯ

ನಿಮ್ಮ ಭಾವನ ಮಾತು ಊಟಿಗೆ, ಮಡಿಕೇರಿಗೆ, ಗೋವಾಕ್ಕೆ ಸರಿ. ಈ ಎರಡು ಜಾಗಕ್ಕೆ ಅಲ್ಲ. ರೆಸಾರ್ಟಿನ ಗೇಟು ದಾಟಿ ಹತ್ತು ನಿಮಿಷ ನಡೆದರೆ ಬೇರೆ ಹೋಟೆಲು ಸಿಗುತ್ತದೆಯೇ ಎಂದು ನೋಡಿ. ಸಿಗುವುದಾದರೆ ರೂಮು ಮತ್ತು ತಿಂಡಿ ಸಾಕು, ಮಧ್ಯಾಹ್ನ ಮತ್ತು ರಾತ್ರಿ ಊರೊಳಗೆ ಇಷ್ಟ ಬಂದದ್ದು ತಿನ್ನಬಹುದು. ಕಾಡಂಚಿನಲ್ಲಿ, ದ್ವೀಪದಲ್ಲಿ, ದೋಣಿಯಲ್ಲಿ ಆ ಅನುಕೂಲ ಇಲ್ಲ. ಅಲ್ಲಿ ರೂಮ್ ಮಾತ್ರ ಹಿಡಿದರೆ ಒಂದೊಂದು ಊಟಕ್ಕೂ ರೆಸಾರ್ಟಿನವರು ಹೇಳಿದ ಬೆಲೆಯೇ ಬೆಲೆ.

ಕೊಟೇಶನ್ನಿನಲ್ಲಿ ದೊಡ್ಡಕ್ಷರದ ಸಾಲು ಬಿಟ್ಟು, ‘ಮೀಲ್ ಪ್ಲಾನ್’ ಎಂಬಲ್ಲಿ ಏನಿದೆ ಎಂದು ಹುಡುಕಿ. ಇ.ಪಿ. ಎಂದಿದ್ದರೆ ಬರೀ ರೂಮು. ಸಿ.ಪಿ. ಎಂದರೆ ಬೆಳಗಿನ ತಿಂಡಿಯೂ ಉಂಟು. ಎಂ.ಎ.ಪಿ. ಎಂದರೆ ತಿಂಡಿಯ ಜೊತೆ ಒಂದು ಊಟ, ಸಾಮಾನ್ಯವಾಗಿ ರಾತ್ರಿಯದು. ಎ.ಪಿ. ಎಂದರೆ ಮೂರು ಹೊತ್ತು. ನಮ್ಮ ರಾಜ್ಯದ ರೆಸಾರ್ಟುಗಳು ಆಲ್ ಇನ್‌ಕ್ಲೂಸಿವ್ ಎಂದು ಮಾರುವುದು ಬಹುತೇಕ ಈ ಎ.ಪಿ.ಯನ್ನೇ, ಅದಕ್ಕೆ ಸಂಜೆಯ ಟೀ ಮತ್ತು ಒಂದೆರಡು ಚಟುವಟಿಕೆ ಸೇರಿಸಿ. ಮದ್ಯ, ತಂಪು ಪಾನೀಯ, ರೂಮಿಗೆ ತರಿಸಿಕೊಂಡ ತಿಂಡಿ, ಸ್ಪಾ, ಲಾಂಡ್ರಿ ಇವೆಲ್ಲ ಬೇರೆ ಬಿಲ್ಲು. ಇದರಲ್ಲಿ ಮೋಸ ಇಲ್ಲ, ಆದರೆ ಕೇಳದವರಿಗೆ ಯಾರೂ ಹೇಳುವುದೂ ಇಲ್ಲ.

ಮೊದಲು ಕಬಿನಿ. ಅಲ್ಲಿ ದುಡ್ಡು ಹೋಗುವುದೇ ಸಫಾರಿಗೆ. ಹಾಗಾಗಿ ನಾಲ್ಕು ಸಂಗತಿ ಬರವಣಿಗೆಯಲ್ಲಿ ತರಿಸಿಕೊಳ್ಳಿ: ಎಷ್ಟು ಸಫಾರಿ, ಜೀಪೋ ಬಸ್ಸೋ ದೋಣಿಯೋ, ಸೀಟು ಖಚಿತವೋ ಅಥವಾ ‘ಲಭ್ಯತೆಗೆ ಒಳಪಟ್ಟು’ ಎಂಬ ಷರತ್ತು ಇದೆಯೋ, ಸಫಾರಿ ರದ್ದಾದರೆ ಎಷ್ಟು ಹಣ ವಾಪಸ್ಸು. ಕೊನೆಯದನ್ನು ಸುಮ್ಮನೆ ಹೇಳುತ್ತಿಲ್ಲ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ನಾಗರಹೊಳೆ, ಬಂಡೀಪುರ ಎರಡೂ ಕಡೆ ಸಫಾರಿ ನಿಲ್ಲಿಸಲು ಸರ್ಕಾರ ಆದೇಶಿಸಿತ್ತು. ಸಫಾರಿ ನಡೆಸುವುದೂ ನಿಲ್ಲಿಸುವುದೂ ರೆಸಾರ್ಟಿನ ಕೈಯಲ್ಲಿಲ್ಲ. ಖಾಸಗಿ ರೆಸಾರ್ಟಿಗೆ ತನ್ನದೇ ಸಫಾರಿ ಇರುವುದಿಲ್ಲ, ಹಂಚಿಕೆಯಾದ ಸೀಟುಗಳಷ್ಟೇ ಇರುತ್ತವೆ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಕಬಿನಿ ರಿವರ್ ಲಾಡ್ಜ್‌ನಂಥ ಕಡೆ ವಾಸ, ಊಟ, ಸಫಾರಿ ಒಂದೇ ದರದಲ್ಲಿ ಸೇರಿರುತ್ತವೆ. ಆದರೆ ಆ ದರ ಒಬ್ಬರಿಗೆ. ಖಾಸಗಿಯವರು ಹೇಳುವುದು ಹೆಚ್ಚಾಗಿ ಇಬ್ಬರಿಗೆ. ಹೋಲಿಸುವ ಮುಂಚೆ ಎರಡನ್ನೂ ಒಂದೇ ಲೆಕ್ಕಕ್ಕೆ ತನ್ನಿ.

ಹೊತ್ತಿನ ಲೆಕ್ಕವೂ ಮುಖ್ಯ. ಒಂದು ರಾತ್ರಿಯ ಪ್ಯಾಕೇಜು ಎಂದರೆ ಮಧ್ಯಾಹ್ನದ ಊಟಕ್ಕೆ ತಲುಪಿ, ಸಂಜೆ ಒಂದು ಸಫಾರಿ, ಮಾರನೇ ಬೆಳಗ್ಗೆ ಇನ್ನೊಂದು, ತಿಂಡಿ, ಚೆಕ್‌ಔಟ್. ಸಂಜೆಯ ಸಫಾರಿ ಮೂರು ಗಂಟೆ ಹೊತ್ತಿಗೇ ಹೊರಟುಬಿಡುತ್ತದೆ. ಮಂಡ್ಯದಿಂದ ಮೈಸೂರು, ಎಚ್.ಡಿ. ಕೋಟೆ ಮೇಲೆ ಸುಮಾರು ಮೂರು ಗಂಟೆ ದಾರಿ. ‘ಚೆಕ್‌ಇನ್ ಎರಡು ಗಂಟೆಗೆ ತಾನೇ’ ಎಂದು ನಿಧಾನಕ್ಕೆ ಹೊರಟವರು ಅರ್ಧ ಸಫಾರಿ ಕಳೆದುಕೊಂಡಂತೆ, ಆ ದುಡ್ಡು ಬರುವುದಿಲ್ಲ. ರೆಸಾರ್ಟು ಹಿನ್ನೀರಿನ ಯಾವ ದಂಡೆಯಲ್ಲಿದೆ, ಸಫಾರಿ ಹೊರಡುವ ಜಾಗಕ್ಕೆ ಎಷ್ಟು ಹೊತ್ತು ಎಂಬುದನ್ನೂ ಕೇಳಿ. ಮ್ಯಾಪಿನಲ್ಲಿ ಎದುರುಬದುರು ಕಾಣುವ ಜಾಗಕ್ಕೆ ರಸ್ತೆಯಲ್ಲಿ ಸುತ್ತಿ ಬರಬೇಕಾಗಬಹುದು.

ತೆರಿಗೆ: ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿವರೆಗೆ ಇದ್ದರೆ ಜಿ.ಎಸ್.ಟಿ. ಶೇ 5, ಅದು ದಾಟಿದರೆ ಶೇ 18. ಈ ದರ 2025ರ ಸೆಪ್ಟೆಂಬರ್ 22ರಿಂದ ಜಾರಿಯಲ್ಲಿದೆ. 7,400ರ ರೂಮು ತೆರಿಗೆ ಸೇರಿ 7,770 ಆದರೆ, 7,800ರ ರೂಮು 9,204 ಆಗುತ್ತದೆ. ನಾನೂರು ರೂಪಾಯಿ ವ್ಯತ್ಯಾಸ ಬಿಲ್ಲಿನಲ್ಲಿ ಸಾವಿರದ ನಾನೂರು ದಾಟುತ್ತದೆ. ‘ಟ್ಯಾಕ್ಸ್ ಸೇರಿ ಕೊನೇ ಮೊತ್ತ ಎಷ್ಟು?’ ಎಂದು ಕೇಳುವುದು ಸಣ್ಣತನ ಅಲ್ಲ.

ಇನ್ನು ಮಾಲ್ಡೀವ್ಸ್. ಅಲ್ಲಿ ಆಲ್ ಇನ್‌ಕ್ಲೂಸಿವ್ ಎಂದರೆ ಪಾನೀಯವೂ ಸೇರಿ. ಹಾಫ್ ಬೋರ್ಡ್ ಎಂದರೆ ತಿಂಡಿ ಮತ್ತು ರಾತ್ರಿಯೂಟ, ಫುಲ್ ಬೋರ್ಡ್ ಎಂದರೆ ಮೂರು ಹೊತ್ತು, ಆದರೆ ಎರಡರಲ್ಲೂ ಕುಡಿಯುವುದಕ್ಕೆ ಬೇರೆ ದುಡ್ಡು. ಮದ್ಯ ಮುಟ್ಟದ ಜೋಡಿಗೆ ಫುಲ್ ಬೋರ್ಡ್ ಸಾಕು. ದರದ ಮುಂದೆ ಎರಡು ಕೂಡಿಸುವ ಚಿಹ್ನೆ (++) ಇದ್ದರೆ ಸೇವಾ ಶುಲ್ಕವೂ ತೆರಿಗೆಯೂ ಇನ್ನೂ ಸೇರಿಲ್ಲ ಎಂದು ಓದಿಕೊಳ್ಳಿ. ರಾತ್ರಿಗೆ 300 ಡಾಲರ್ ಎಂದಿದ್ದರೆ ಶೇ 10 ಸೇವಾ ಶುಲ್ಕ ಸೇರಿ 330. ಅದರ ಮೇಲೆ ಪ್ರವಾಸೋದ್ಯಮ ತೆರಿಗೆ ಶೇ 17 (2025ರ ಜುಲೈನಿಂದ) ಸೇರಿ 386. ರೆಸಾರ್ಟಿನಲ್ಲಿ ತಲಾ 12 ಡಾಲರಿನ ಗ್ರೀನ್ ಟ್ಯಾಕ್ಸ್ ಇಬ್ಬರಿಗೆ 24. ಒಟ್ಟು 410. ನಾಲ್ಕು ರಾತ್ರಿಗೆ 1,200 ಎಂದುಕೊಂಡದ್ದು 1,640 ಆಯಿತು, ವಿಮಾನ ನಿಲ್ದಾಣದಿಂದ ದ್ವೀಪಕ್ಕೆ ಹೋಗಿಬರುವ ಖರ್ಚು ಇನ್ನೂ ಬಾಕಿ.

ಆ ಖರ್ಚೇ ಬಜೆಟ್ಟನ್ನು ಮುರಿಯುವುದು. ಹತ್ತಿರದ ದ್ವೀಪಕ್ಕೆ ಸ್ಪೀಡ್‌ಬೋಟ್, ದೂರದ್ದಕ್ಕೆ ಸೀಪ್ಲೇನ್. ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರುತ್ತದೆ. ಬೆಂಗಳೂರಿನ ವಿಮಾನ ಮಾಲ್ಡೀವ್ಸ್ ರಾಜಧಾನಿ ಮಾಲೆಗೆ ಸಂಜೆ ಇಳಿದರೆ ಆ ರಾತ್ರಿ ಅಲ್ಲೇ ಸ್ವಂತ ಖರ್ಚಿನಲ್ಲಿ ಉಳಿಯಬೇಕು, ದ್ವೀಪದಲ್ಲಿ ಹಿಡಿದ ರೂಮಿನ ಒಂದು ರಾತ್ರಿಯೂ ಕೈಬಿಟ್ಟಂತೆ. ಮೊದಲ ಬಾರಿ ಹೋಗುವವರಿಗೆ ಸ್ಪೀಡ್‌ಬೋಟಿನಲ್ಲಿ ತಲುಪುವಷ್ಟು ಹತ್ತಿರದ ರೆಸಾರ್ಟೇ ಒಳ್ಳೆಯದು.

ನಿಮ್ಮ ತಿಂಗಳು ಮೇ. ಆಗ ಕಬಿನಿಯ ಹಿನ್ನೀರು ಇಳಿದು ಹಸಿರು ಹುಲ್ಲು ಬಂದಿರುತ್ತದೆ, ಆನೆ ಹಿಂಡುಗಳು ಅಲ್ಲಿಗೆ ಇಳಿಯುವ ಕಾಲ ಅದು. ಮಾಲ್ಡೀವ್ಸ್‌ನಲ್ಲಿ ನೈಋತ್ಯ ಮಾರುತ ಶುರುವಾಗುವ ಹೊತ್ತು: ದರ ಇಳಿದಿರುತ್ತದೆ, ಸಮುದ್ರ ಕದಡಿರುತ್ತದೆ. ಸಫಾರಿ ನಡೆಯುತ್ತಿದೆ ಎಂದು ಖಚಿತಪಡಿಸಿಕೊಂಡು ಈಗ ಕಬಿನಿಗೆ ಹೋಗಿ. ದ್ವೀಪದ ಆಸೆ ಇದ್ದರೆ ಜನವರಿಯಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ.

ನಾನು ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಯಜಮಾನರಿಗೆ ಎಲ್ಲವೂ ನಡೆಯುತ್ತದೆ. ಊಟ ಸೇರಿದ ಪ್ಯಾಕೇಜು ತೆಗೆದುಕೊಂಡರೆ ನನ್ನ ಪಾಲಿನ ದುಡ್ಡು ನೀರಿಗೆ ಹೋಗುತ್ತದೆಯೇ?
— ಒಬ್ಬ ಓದುಗಿ, ಕುವೆಂಪುನಗರ, ಮೈಸೂರು

ಮುಂಚೆ ತಿಳಿಸದಿದ್ದರೆ ಹೋಗುತ್ತದೆ. ರೆಸಾರ್ಟಿನ ಅಡುಗೆಮನೆಯಲ್ಲಿ ಮಸಾಲೆ ಬೆಳಗ್ಗೆಯೇ ರುಬ್ಬಿ ಇಟ್ಟಿರುತ್ತಾರೆ, ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇದ್ದೇ ಇರುತ್ತದೆ. ತಟ್ಟೆ ಹಿಡಿದು ನಿಂತಾಗ ಕೇಳಿದರೆ ಮೊಸರನ್ನ, ಸಲಾಡ್ ಸಿಕ್ಕೀತು, ಅಷ್ಟೇ. ಬುಕ್ ಮಾಡುವಾಗಲೇ ಇಮೇಲಿನಲ್ಲಿ ‘ಜೈನ್ ಊಟ’ ಎಂದು ಬರೆಯಿರಿ. ಉತ್ತರ ಭಾರತದವರು ಹೆಚ್ಚು ಹೋಗುವ ಕಡೆಗಳಲ್ಲೆಲ್ಲ ಅಡುಗೆಯವರಿಗೆ ಅದು ಗೊತ್ತು. ಆದರೆ ಅದರಲ್ಲಿ ಆಲೂಗಡ್ಡೆ, ಕ್ಯಾರೆಟ್ಟೂ ಬರುವುದಿಲ್ಲ. ನಿಮಗೆ ಅವು ನಡೆಯುವುದಾದರೆ ಅದನ್ನೂ ಸೇರಿಸಿ ಬರೆಯಿರಿ, ಇಲ್ಲವಾದರೆ ಮೂರು ದಿನವೂ ಪನೀರೇ ಗತಿ. ತಲುಪಿದ ದಿನ ಶೆಫ್ ಜೊತೆ ಒಮ್ಮೆ ನೇರವಾಗಿ ಮಾತಾಡಿ.

ಥಾಯ್ಲೆಂಡ್ ಕಡೆ ಹೋಗುವುದಾದರೆ ತರಕಾರಿ ಪಲ್ಯದಲ್ಲೂ ಮೀನಿನ ಸಾಸ್, ಸೀಗಡಿ ಪೇಸ್ಟ್ ಇರುತ್ತದೆ. ‘ಮಾಂಸ ಬೇಡ’ ಅಂದರೆ ಸಾಲದು, ಅವೆರಡನ್ನೂ ಹೆಸರಿಟ್ಟು ಬೇಡ ಅನ್ನಬೇಕು. ಬಫೆಯ ಫೋಟೋ ನೋಡಿಯೂ ಮರುಳಾಗಬೇಡಿ. ಅತಿಥಿಗಳು ಕಡಿಮೆ ಇದ್ದ ದಿನ ಬಫೆ ಎತ್ತಿ, ಗೊತ್ತುಮಾಡಿದ ನಾಲ್ಕು ಪದಾರ್ಥ ಬಡಿಸುವುದು ಎಲ್ಲ ಕಡೆ ಇರುವ ಪದ್ಧತಿ. ನಿಮ್ಮ ಮಟ್ಟಿಗೆ ಅದೇ ವಾಸಿ, ಬೇಕಾದ ಹಾಗೆ ಮಾಡಿಸಿಕೊಳ್ಳಬಹುದು. ಚಟ್ನಿಪುಡಿ ಜೊತೆಗಿರಲಿ.

ಮಾಲ್ಡೀವ್ಸ್‌ಗೆ ಹೋಗುವವರು ಒಂದು ಗಮನಿಸಿ: ಪೂಜೆಯ ವಿಗ್ರಹಕ್ಕೂ ಮದ್ಯಕ್ಕೂ ಅಲ್ಲಿನ ಕಸ್ಟಮ್ಸ್‌ನಲ್ಲಿ ನಿಷೇಧ ಇದೆ. ಅಮ್ಮ ಸೂಟ್‌ಕೇಸಿಗೆ ಹಾಕಿಟ್ಟ ಪುಟ್ಟ ಗಣಪನನ್ನು ಮನೆಯಲ್ಲೇ ಬಿಟ್ಟು ಹೊರಡಿ.

ಅಲೆಪ್ಪಿಯ ದೋಣಿಮನೆಯಲ್ಲಿ ಒಂದು ದಿನ ಇರಬೇಕೆಂದಿದ್ದೇವೆ. ಎಲ್ಲವೂ ಸೇರಿದೆ ಅನ್ನುತ್ತಾರೆ. ಏನು ಕೇಳಬೇಕು?
— ಹೊಸ ಜೋಡಿ, ಶ್ರೀರಂಗಪಟ್ಟಣ

ಎ.ಸಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ ಎಂದು ಕೇಳಿ. ಕಡಿಮೆ ದರದ ದೋಣಿಯಲ್ಲಿ ಅದು ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮಾತ್ರ, ಹಗಲಿಗೂ ಬೇಕಾದರೆ ಬೇರೆ ದರ್ಜೆ. ಮೇ ತಿಂಗಳ ಸೆಕೆಯಲ್ಲಿ ಈ ವ್ಯತ್ಯಾಸ ದೊಡ್ಡದು. ಇಡೀ ರಾತ್ರಿ ತೇಲುತ್ತಾ ಹೋಗುತ್ತೇವೆಂಬ ಕಲ್ಪನೆ ಬೇಡ. ಮೀನುಗಾರರು ಬಲೆ ಬಿಡುವ ಹೊತ್ತಾದ್ದರಿಂದ ಸಂಜೆ ಐದೂವರೆ, ಆರರ ಒಳಗೆ ದೋಣಿ ದಡಕ್ಕೆ ಕಟ್ಟುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿ ಮಾರನೇ ಬೆಳಗ್ಗೆ ಒಂಬತ್ತಕ್ಕೆ ಇಳಿದರೆ ನಿಜವಾಗಿ ಸಾಗುವುದು ಐದಾರು ಗಂಟೆ. ಒಂದು ರಾತ್ರಿ ಧಾರಾಳವಾಯಿತು. ಸಣ್ಣ ಕಾಲುವೆಗಳೊಳಗೆ ದೊಡ್ಡ ದೋಣಿ ಹೋಗುವುದಿಲ್ಲ, ಶಿಕಾರಾ ಎಂಬ ಸಣ್ಣ ದೋಣಿಯ ಸವಾರಿ ಪ್ಯಾಕೇಜಿನಲ್ಲಿ ಇದೆಯೇ ಕೇಳಿ. ಒಂದೇ ಕೋಣೆಯ ದೋಣಿಯನ್ನೇ ಹಿಡಿಯಿರಿ. ಮೂರು ಕೋಣೆಯ ದೋಣಿಯಲ್ಲಿ ಹಂಚಿಕೊಂಡು ಹೋದರೆ ಅಗ್ಗ, ಆದರೆ ಪಕ್ಕದ ಕೋಣೆಯಲ್ಲಿ ಯಾರ ಸಂಸಾರ ಬರುತ್ತದೋ!

ಊಟಿಗೆ ಮೂರು ರಾತ್ರಿ ಊಟ ಸಹಿತ ಪ್ಯಾಕೇಜು ತೆಗೆದುಕೊಳ್ಳಬಹುದೇ?
— ಒಬ್ಬ ಓದುಗ, ನಂಜನಗೂಡು

ಬೇಡ. ತಿಂಡಿ ಸಾಕು. ಮಧ್ಯಾಹ್ನ ನೀವು ಕೂನೂರಿನಲ್ಲೋ ದೊಡ್ಡಬೆಟ್ಟದಲ್ಲೋ ಇರುತ್ತೀರಿ, ದುಡ್ಡು ಕಟ್ಟಿದ ಊಟ ರೆಸಾರ್ಟಿನಲ್ಲಿ ಉಳಿಯುತ್ತದೆ. ನೀಲಗಿರಿಗೆ ವಾಹನದ ಇ-ಪಾಸ್ ನಿಯಮ 2024ರ ಮೇ 7ರಿಂದ ಬಂದಿದೆ, ಹೊರಡುವ ಮುಂಚೆ ಆನ್‌ಲೈನಿನಲ್ಲಿ ಮಾಡಿಸಿಕೊಳ್ಳಿ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತದೆ. ವಯನಾಡಿನ ರೆಸಾರ್ಟಿಗೆ ಗುಂಡ್ಲುಪೇಟೆ ಮೇಲೆ ಹೋಗುವವರಿಗೂ ಇದೇ ಮಾತು. ಆರತಕ್ಷತೆ ಮುಗಿಸಿ ಅದೇ ರಾತ್ರಿ ಹೊರಡುವ ಯೋಚನೆ ಇದ್ದರೆ ಕೈಬಿಡಿ.

ಮದುವೆಯಾದ ಮೇಲೆ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಸೇರಿಸಲೇಬೇಕೇ? ಅವಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ.
— ಒಬ್ಬ ಓದುಗ, ಸರಸ್ವತಿಪುರಂ, ಮೈಸೂರು

ಪ್ರಯಾಣಕ್ಕಾಗಿ ಸೇರಿಸಬೇಕಿಲ್ಲ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೆಯೇ ಟಿಕೆಟ್ ಇರಬೇಕು. ಎಡವಟ್ಟು ಆಗುವುದು ಇಲ್ಲೇ. ಏಜೆಂಟರು ಲಗ್ನಪತ್ರಿಕೆ ನೋಡಿ ಗಂಡನ ಹೆಸರು ಜೋಡಿಸಿ ಟಿಕೆಟ್ ಮಾಡಿಬಿಡುತ್ತಾರೆ, ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ. ಖಾಲಿ ಸರ್‌ನೇಮಿನ ತೊಂದರೆ ಬೇರೆ. ಒಂದೇ ಹೆಸರಿರುವ ಪಾಸ್‌ಪೋರ್ಟಿನವರಿಗೆ ಯು.ಎ.ಇ. 2022ರ ನವೆಂಬರ್‌ನಿಂದ ಪ್ರವಾಸಿ ವೀಸಾ ಪ್ರವೇಶ ನಿಲ್ಲಿಸಿತು. ದುಬೈ ಮನಸ್ಸಿನಲ್ಲಿದ್ದರೆ ಮೊದಲು ಪಾಸ್‌ಪೋರ್ಟ್ ಸರಿಮಾಡಿಸಿ, ಆಮೇಲೆ ರೆಸಾರ್ಟ್ ನೋಡಿ. ಮಾಲ್ಡೀವ್ಸ್‌ನಲ್ಲಿ 30 ದಿನಗಳ ವೀಸಾ ಇಳಿದ ಮೇಲೆ ಉಚಿತವಾಗಿ ಸಿಗುತ್ತದೆ. ಆದರೆ ‘ಇಮುಗಾ’ ಎಂಬ ಆನ್‌ಲೈನ್ ಘೋಷಣೆಯನ್ನು ಪ್ರಯಾಣಕ್ಕೆ ಮುಂಚಿನ 96 ಗಂಟೆಯೊಳಗೆ ತುಂಬಬೇಕು. ಕೇಕು, ಹೂವಿನ ಹಾಸಿಗೆಯಂಥ ಹನಿಮೂನ್ ಸವಲತ್ತಿಗೆ ಕೆಲವು ರೆಸಾರ್ಟುಗಳು ವಿವಾಹ ಪ್ರಮಾಣಪತ್ರ ಕೇಳುತ್ತವೆ, ಅದರ ಪ್ರತಿ ಮೊಬೈಲಿನಲ್ಲಿರಲಿ. ವಿದೇಶ ಪ್ಯಾಕೇಜಿಗೆ ಏಜೆಂಟರು ಹಿಡಿಯುವ ಟಿ.ಸಿ.ಎಸ್. (ಮೂಲದಲ್ಲೇ ಸಂಗ್ರಹಿಸುವ ಆದಾಯ ತೆರಿಗೆ) ಹಣ ನಿಮ್ಮ ಪ್ಯಾನ್ ಖಾತೆಗೆ ಜಮೆಯಾಗುತ್ತದೆ, ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಿ. ಎಷ್ಟೋ ಜನ ಅದನ್ನು ಖರ್ಚೆಂದೇ ಬರೆದುಕೊಂಡು ಮರೆಯುತ್ತಾರೆ.

ಶಾಪಿಂಗ್ ಮಾಲಿನಲ್ಲಿ ಕೂಪನ್ ತುಂಬಿದ್ದೆವು. ‘ಮೂರು ರಾತ್ರಿ ಉಚಿತ ಹನಿಮೂನ್ ಗೆದ್ದಿದ್ದೀರಿ, ದಂಪತಿ ಸಮೇತ ಬನ್ನಿ’ ಎಂದು ಫೋನ್ ಬಂದಿದೆ. ಇನ್ನೊಂದು ಕಡೆ ವೆಬ್‌ಸೈಟಿನಲ್ಲಿ ಅರ್ಧ ಬೆಲೆಗೆ ರೆಸಾರ್ಟ್ ಸಿಕ್ಕಿದೆ, ಪೂರ್ತಿ ಹಣ ಯು.ಪಿ.ಐ.ಗೆ ಹಾಕಿ ಅನ್ನುತ್ತಿದ್ದಾರೆ.
— ದಂಪತಿ, ಮಳವಳ್ಳಿ

ಮೊದಲನೆಯದು ಸದಸ್ಯತ್ವ ಮಾರುವ ಸಭೆ. ಗಂಟೆಗಟ್ಟಲೆ ಕೂರಿಸಿ, ಇವತ್ತೇ ಸಹಿ ಹಾಕಿದರೆ ರಿಯಾಯಿತಿ ಎನ್ನುತ್ತಾರೆ. ವೋಚರಿನಲ್ಲಿ ರೂಮು ಉಚಿತ ಇದ್ದರೂ ಊಟದ ಪ್ಯಾಕೇಜು ಕಡ್ಡಾಯ, ಇತರೆ ಶುಲ್ಕಗಳು ಬೇರೆ, ರಜೆ ದಿನಗಳಿಗೆ ಅನ್ವಯಿಸುವುದಿಲ್ಲ ಎಂಬ ಷರತ್ತು ಹಿಂಬದಿಯಲ್ಲಿರುತ್ತದೆ. ಹೋಗಲೇಬೇಕೆಂದಿದ್ದರೆ ಕ್ರೆಡಿಟ್ ಕಾರ್ಡು ಮನೆಯಲ್ಲಿಟ್ಟು ಹೋಗಿ.

ಎರಡನೆಯದಕ್ಕೆ ಹಣ ಹಾಕಬೇಡಿ. ಯು.ಪಿ.ಐ.ನಲ್ಲಿ ಹಣ ಹೋಗುವ ಮುಂಚೆ ಖಾತೆದಾರರ ಹೆಸರು ಕಾಣುತ್ತದೆ. ರೆಸಾರ್ಟಿನ ಹೆಸರಿನ ಬದಲು ಯಾವುದೋ ವ್ಯಕ್ತಿಯ ಹೆಸರಿದ್ದರೆ ಅಲ್ಲೇ ನಿಲ್ಲಿಸಿ. ಬುಕಿಂಗ್ ಸಂಖ್ಯೆ ಪಡೆದು, ರೆಸಾರ್ಟಿನ ಸ್ವಂತ ತಾಣದಲ್ಲಿರುವ ಫೋನಿಗೆ ಕರೆ ಮಾಡಿ ಅದು ಅವರ ಪುಸ್ತಕದಲ್ಲಿದೆಯೇ ವಿಚಾರಿಸಿ. ಮ್ಯಾಪಿನಲ್ಲಿ ಕಾಣುವ ನಂಬರನ್ನು ವಂಚಕರು ಬದಲಿಸಿರುವುದುಂಟು. ಈಗಾಗಲೇ ಹಣ ಹಾಕಿದ್ದರೆ ಇವತ್ತೇ, ಈ ಗಂಟೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರಿರುತ್ತದೆ. ನಿಜವಾದ ರೆಸಾರ್ಟೇ ಆಗಿ, ಬಿಲ್ಲಿನಲ್ಲಿ ಹೇಳದ ಸೇವಾ ಶುಲ್ಕ ಸೇರಿಸಿದ್ದರೆ ಅದನ್ನು ತೆಗೆಯಲು ಹೇಳಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯಂತೆ ನಮ್ಮ ದೇಶದ ಹೋಟೆಲುಗಳು ಅದನ್ನು ತಾವಾಗಿ ಬಿಲ್ಲಿಗೆ ಸೇರಿಸುವಂತಿಲ್ಲ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915.